ಓಲೈಕೆ: 1938ರ ಸೆಪ್ಟೆಂಬರ್‌ನಲ್ಲಿ ಹೆಸರು ಕೆಡಿಸಿಕೊಂಡ ಪದ

ಚುನಾವಣೆ ಹತ್ತಿರ ಬಂದರೆ ಸಾಕು, ಟಿವಿ ಚರ್ಚೆಗಳಲ್ಲಿ ‘ಓಲೈಕೆ ರಾಜಕಾರಣ’ ಅನ್ನುವ ಮಾತು ದಿನಕ್ಕೆ ಹತ್ತು ಸಲ ಕಿವಿಗೆ ಬೀಳುತ್ತದೆ. ತಾವು ಓಲೈಸುತ್ತಿದ್ದೇವೆ ಅಂತ ಯಾವ ಪಕ್ಷದವರೂ ಒಪ್ಪಿಕೊಳ್ಳುವುದಿಲ್ಲ. ಅದು ಯಾವಾಗಲೂ ಎದುರಿನವರು ಮಾಡುವ ಕೆಲಸ. ಪತ್ರಿಕೆಯವರಿಗೆ ಸ್ವಲ್ಪ ಗಂಭೀರವಾಗಿ ಬರೆಯಬೇಕು ಅನಿಸಿದರೆ ‘ತುಷ್ಟೀಕರಣ’ ಅಂತಾರೆ. ರಾಜಕೀಯದ ಮಾತಿನಲ್ಲಿ ಎರಡೂ ಇಂಗ್ಲಿಷಿನ ‘ಅಪೀಸ್‌ಮೆಂಟ್’ಗೆ ನಾವು ಕೊಟ್ಟುಕೊಂಡ ಕನ್ನಡ. ಆ ಇಂಗ್ಲಿಷ್ ಪದ ಮೊದಲಿಂದಲೂ ಬೈಗುಳವಾಗಿರಲಿಲ್ಲ. ಅದರ ಹೆಸರು ಕೆಟ್ಟಿದ್ದು ಯಾವಾಗ ಅಂದರೆ ಹೆಚ್ಚುಕಡಿಮೆ ತಿಂಗಳನ್ನೇ ಬೆರಳಿಟ್ಟು ತೋರಿಸಬಹುದು. 1938ರ ಸೆಪ್ಟೆಂಬರ್.

ಅಪೀಸ್‌ಮೆಂಟ್‌ನ ಬೇರು ಹಳೆಯ ಫ್ರೆಂಚಿನ ‘ಶಾಂತಿ’ ಅನ್ನುವ ಪದದಲ್ಲಿದೆ. ಸಿಟ್ಟನ್ನು ತಣ್ಣಗೆ ಮಾಡುವುದು, ಹಸಿವನ್ನು ತಣಿಸುವುದು, ಜಗಳ ಇಳಿಸುವುದು, ಇಷ್ಟೇ ಅದರ ಅರ್ಥ. 1930ರ ದಶಕದಲ್ಲಿ ಬ್ರಿಟನ್ನಿನ ಮಂತ್ರಿಗಳು ‘ಯುರೋಪಿನ ಅಪೀಸ್‌ಮೆಂಟ್ ನಮ್ಮ ಗುರಿ’ ಅಂತ ಸಂಸತ್ತಿನಲ್ಲಿ ಎದೆಯುಬ್ಬಿಸಿ ಹೇಳುತ್ತಿದ್ದರು. ನಮ್ಮ ‘ಓಲೈಸು’ ನಡೆದು ಬಂದ ದಾರಿ ಬೇರೆ. ಅದು ‘ಓಲಗ’ದ ನಂಟು. ಓಲಗ ಅಂದರೆ ದೊರೆಯ ಸಭೆ, ಅಲ್ಲಿ ನಿಂತು ಮಾಡುವ ಸೇವೆ. ಚಿಕ್ಕವನು ದೊಡ್ಡವನನ್ನು ಮೆಚ್ಚಿಸುವ ವಾಸನೆ ಆ ಪದಕ್ಕೆ ಹಳೆಗಾಲದಿಂದ ಅಂಟಿಕೊಂಡೇ ಇದೆ. ಹಾಗಾಗಿ ನಮ್ಮ ಪದ ಹುಟ್ಟಿನಿಂದಲೇ ಸ್ವಲ್ಪ ಬೆನ್ನು ಬಾಗಿಸಿ ನಿಂತಿತ್ತು. ಅಪೀಸ್‌ಮೆಂಟ್ ನೆಟ್ಟಗೇ ನಿಂತಿತ್ತು. ಅದರ ಬೆನ್ನು ಬಾಗಿದ್ದು ಆಮೇಲೆ.

ಆ ತಿಂಗಳು ಜಗತ್ತು ಹೇಗಿತ್ತು? ಸ್ಪೇನಿನಲ್ಲಿ ಅಂತರ್ಯುದ್ಧ ಮೂರನೇ ವರ್ಷಕ್ಕೆ ಕಾಲಿಟ್ಟಿತ್ತು. ಚೀನಾದಲ್ಲಿ ಜಪಾನಿನ ಸೇನೆ ವುಹಾನ್ ಕಡೆಗೆ ನುಗ್ಗುತ್ತಿತ್ತು. 21ರಂದು ಅಮೆರಿಕದ ಈಶಾನ್ಯ ಕರಾವಳಿಗೆ ದೊಡ್ಡ ಚಂಡಮಾರುತ ಬಡಿಯಿತು. 24ರಂದು ಡಾನ್ ಬಡ್ಜ್ ಅನ್ನುವ ಆಟಗಾರ ಒಂದೇ ವರ್ಷದಲ್ಲಿ ನಾಲ್ಕೂ ದೊಡ್ಡ ಟೆನಿಸ್ ಟೂರ್ನಿಗಳನ್ನು ಗೆದ್ದ ಮೊದಲಿಗನಾದ. ಬೇರೆ ವರ್ಷವಾಗಿದ್ದರೆ ಇವೇ ತಿಂಗಳ ಸುದ್ದಿಗಳು. ಆದರೆ ಆ ಸೆಪ್ಟೆಂಬರ್‌ನಲ್ಲಿ ಎಲ್ಲರ ಕಣ್ಣು ಇದ್ದದ್ದು ಚೆಕೊಸ್ಲೊವಾಕಿಯಾದ ಅಂಚಿನ ಒಂದು ಗುಡ್ಡಗಾಡು ಪಟ್ಟಿಯ ಮೇಲೆ.

ಅದರ ಹೆಸರು ಸುಡೆಟೆನ್‌ಲ್ಯಾಂಡ್. ಸುಮಾರು 30 ಲಕ್ಷ ಜರ್ಮನ್ ಮಾತಾಡುವ ಜನ ಚೆಕೊಸ್ಲೊವಾಕಿಯಾದಲ್ಲಿದ್ದರು, ಜಾಸ್ತಿ ಇದ್ದದ್ದು ಆ ಅಂಚಿನಲ್ಲೇ. 1918ರಲ್ಲಿ ಹೊಸ ದೇಶ ಹುಟ್ಟಿದಾಗ ಅವರನ್ನು ಕೇಳಿ ಸೇರಿಸಿಕೊಂಡಿರಲಿಲ್ಲ, ಆ ಅಸಮಾಧಾನ ನಿಜವಾದದ್ದೇ. ಆದರೆ ಆ ಗುಡ್ಡಗಳಲ್ಲೇ ಚೆಕ್ ಸೇನೆಯ ಬಂಕರುಗಳ ಸಾಲು ಇತ್ತು. ಅದು ಹೋದರೆ ಮನೆಗೆ ಬಾಗಿಲೇ ಇಲ್ಲದ ಹಾಗೆ. ಹಿಟ್ಲರ್‌ಗೆ ಇದು ಚೆನ್ನಾಗಿ ಗೊತ್ತಿತ್ತು. ಮಾರ್ಚ್‌ನಲ್ಲಷ್ಟೇ ಆಸ್ಟ್ರಿಯಾವನ್ನು ನುಂಗಿದ್ದ. ಸೆಪ್ಟೆಂಬರ್ 12ರಂದು ನ್ಯೂರೆಂಬರ್ಗ್‌ನ ಪಕ್ಷದ ಸಮಾವೇಶದಲ್ಲಿ ಚೆಕ್ ಸರ್ಕಾರದ ಮೇಲೆ ಬೆಂಕಿ ಕಾರಿದ.

ಮೂರು ದಿನ ಬಿಟ್ಟು ಬ್ರಿಟನ್ನಿನ ಪ್ರಧಾನಿ ನೆವಿಲ್ ಚೇಂಬರ್ಲಿನ್ ವಿಮಾನ ಹತ್ತಿದರು. ವಯಸ್ಸು 69. ಅದು ಅವರ ಮೊದಲ ದೊಡ್ಡ ವಿಮಾನ ಪ್ರಯಾಣ. ಪ್ರಧಾನಿಯೊಬ್ಬರು ತಾವಾಗಿಯೇ ಹಾರಿಕೊಂಡು ಹೋಗಿ ಎದುರಾಳಿಯ ಮನೆಬಾಗಿಲು ತಟ್ಟುವುದು ಆಗ ಯಾರೂ ಕಂಡಿರದ ಸಂಗತಿ. ಜರ್ಮನಿಯ ಬೆರ್ಕ್ಟೆಸ್‌ಗಾಡೆನ್‌ನಲ್ಲಿ ಹಿಟ್ಲರ್ ಜೊತೆ ಮಾತಾಡಿ ಬಂದರು. ಜರ್ಮನ್ನರು ಅರ್ಧಕ್ಕಿಂತ ಜಾಸ್ತಿ ಇರುವ ಜಾಗಗಳನ್ನು ಬಿಟ್ಟುಕೊಡಿ ಅಂತ ಬ್ರಿಟನ್, ಫ್ರಾನ್ಸ್ ಸೇರಿ ಚೆಕ್ ರಾಜಧಾನಿ ಪ್ರಾಗ್‌ನ ಕೈ ತಿರುಚಿದವು. ಫ್ರಾನ್ಸ್ ಅಂದರೆ ಚೆಕ್ಕರ ರಕ್ಷಣೆಗೆ ಬರುತ್ತೇನೆ ಅಂತ ಒಪ್ಪಂದ ಮಾಡಿಕೊಂಡಿದ್ದ ದೇಶ! 21ರಂದು ಪ್ರಾಗ್ ಒಪ್ಪಿತು.

ಕೇಳಿದ್ದು ಸಿಕ್ಕಿತು, ಮುಗಿಯಿತು ಅಂದುಕೊಂಡು ಚೇಂಬರ್ಲಿನ್ 22ರಂದು ಮತ್ತೆ ಹಾರಿದರು. ಈ ಸಲ ರೈನ್ ನದಿ ದಂಡೆಯ ಗೋಡೆಸ್‌ಬರ್ಗ್‌ಗೆ. ಆದರೆ ಹಿಟ್ಲರ್, ಕ್ಷಮಿಸಿ, ಇನ್ನು ಅದು ಸಾಲದು ಅಂದುಬಿಟ್ಟ. ಈಗ ಅವನಿಗೆ ಬೇಕಾಗಿದ್ದು ತಕ್ಷಣ ಸೇನೆ ಒಳಹೋಗುವುದು, ಅಕ್ಟೋಬರ್ 1ರ ಗಡುವು. ಮನೆ ಮಾರಾಟ ಮಾಡಿದವರಿಗೆ ಈ ಆಟ ಹೊಸದಲ್ಲ. ಬೆಲೆಗೆ ಒಪ್ಪಿಕೊಂಡ ಮೇಲೆ, ಮುಂಗಡ ಕೊಡುವ ಹೊತ್ತಿಗೆ ಬಂದು ‘ಕಾರ್ ಶೆಡ್ಡೂ ಸೇರಿಸಿ’ ಅನ್ನುವವರು ಇರುತ್ತಾರಲ್ವಾ, ಅದೇ.

ಲಂಡನ್ನಿನ ಹೈಡ್ ಪಾರ್ಕ್‌ನಲ್ಲಿ ಕಂದಕ ತೋಡಲು ಶುರುಮಾಡಿದರು. ದೇಶಾದ್ಯಂತ ಸುಮಾರು 3.8 ಕೋಟಿ ಗ್ಯಾಸ್ ಮಾಸ್ಕ್ ಹಂಚಿಕೆಯಾಯಿತು. 27ರ ರಾತ್ರಿ ಚೇಂಬರ್ಲಿನ್ ರೇಡಿಯೋದಲ್ಲಿ ಮಾತಾಡಿದರು. ಎಲ್ಲೋ ದೂರದ ದೇಶದಲ್ಲಿ, ನಮಗೆ ಏನೇನೂ ಗೊತ್ತಿಲ್ಲದ ಜನರ ನಡುವಿನ ಜಗಳಕ್ಕೆ ನಾವು ಇಲ್ಲಿ ಕಂದಕ ತೋಡಿಕೊಂಡು ಮಾಸ್ಕ್ ಹಾಕಿ ನೋಡಬೇಕಾಗಿದೆಯಲ್ಲ, ಎಂಥ ಘೋರ, ನಂಬಲಿಕ್ಕೇ ಆಗದ್ದು ಅನ್ನುವುದು ಅವರ ಮಾತಿನ ಸಾರ. ‘ನಮಗೆ ಗೊತ್ತಿಲ್ಲದ ಜನ’ ಅನ್ನುವುದನ್ನು ನೆನಪಿಟ್ಟುಕೊಳ್ಳಿ. ಅಪೀಸ್‌ಮೆಂಟಿನ ಗುಟ್ಟು ಅಲ್ಲಿದೆ ಅಂತ ನನಗೆ ಅನ್ನಿಸುತ್ತದೆ. ಜರ್ಮನಿಯಿಂದ ಪ್ರಾಗ್ ಪಕ್ಕದಲ್ಲೇ ಇದೆ. ಲಂಡನ್ನಿನಿಂದಲೂ ಕೆಲವು ತಾಸಿನ ವಿಮಾನದ ದಾರಿ.

29ರಂದು ಮ್ಯೂನಿಕ್‌ನಲ್ಲಿ ನಾಲ್ಕು ಜನ ಕೂತರು. ಹಿಟ್ಲರ್, ಇಟಲಿಯ ಸರ್ವಾಧಿಕಾರಿ ಮುಸೊಲಿನಿ, ಚೇಂಬರ್ಲಿನ್, ಫ್ರಾನ್ಸಿನ ಪ್ರಧಾನಿ ದಲಾದಿಯೆ. ಮುಸೊಲಿನಿ ತನ್ನದೇ ಸಂಧಾನ ಸೂತ್ರ ಅಂತ ಒಂದು ಕರಡು ಮುಂದಿಟ್ಟ. ಅದನ್ನು ತಯಾರಿಸಿ ಕೊಟ್ಟವರು ಜರ್ಮನ್ನರೇ. ಚೆಕೊಸ್ಲೊವಾಕಿಯಾದವರು ಮೇಜಿನ ಹತ್ತಿರ ಇರಲಿಲ್ಲ. ಅವರ ಇಬ್ಬರು ಪ್ರತಿನಿಧಿಗಳು, ಮಸ್ತ್ನಿ ಮತ್ತು ಮಸಾರ್ಷಿಕ್, ಹೋಟೆಲ್ ಕೋಣೆಯಲ್ಲಿ ಕಾಯುತ್ತಿದ್ದರು. ಒಪ್ಪಂದಕ್ಕೆ ಸಹಿ ಬಿದ್ದಾಗ 30ರ ಬೆಳಗಿನ ಜಾವ ಸುಮಾರು ಒಂದೂವರೆ. ಆಮೇಲೆ ಅವರನ್ನು ಒಳಗೆ ಕರೆದರು. ಹಿಟ್ಲರ್, ಮುಸೊಲಿನಿ ಆಗಲೇ ಹೊರಟು ಹೋಗಿದ್ದರು. ಅಲ್ಲಿ ಏನಾಯಿತು ಅಂತ ಮಸಾರ್ಷಿಕ್ ತಮ್ಮ ಸರ್ಕಾರಕ್ಕೆ ವರದಿ ಬರೆದಿದ್ದಾರೆ. ಚೇಂಬರ್ಲಿನ್ ಒಂದಾದ ಮೇಲೊಂದು ಆಕಳಿಸುತ್ತಿದ್ದರಂತೆ, ಅದನ್ನು ಮುಚ್ಚಿಟ್ಟುಕೊಳ್ಳಲೂ ಇಲ್ಲವಂತೆ. ಒಪ್ಪಂದದ ಪಠ್ಯ ಓದಿ ಮಸ್ತ್ನಿ ಕಣ್ಣೀರು ಹಾಕಿದರು. ನಮ್ಮಿಂದ ಉತ್ತರ ಬೇಕೇ ಅಂತ ಮಸಾರ್ಷಿಕ್ ಕೇಳಿದರು. ಬೇಡ, ನೀವು ಒಪ್ಪಿದ್ದೀರಿ ಅಂತಲೇ ಭಾವಿಸಿದ್ದೇವೆ ಅಂದರು ಫ್ರೆಂಚ್ ಅಧಿಕಾರಿ. ಒಂದು ನಕ್ಷೆಯನ್ನು ಕೈಗೆ ಕೊಟ್ಟು ಕಳಿಸಿದರು.

ಚೆಕ್ಕರು ಇದಕ್ಕೆ ಇವತ್ತಿಗೂ ಒಂದು ಮಾತು ಇಟ್ಟುಕೊಂಡಿದ್ದಾರೆ: ‘ಓ ನಾಸ್ ಬೆಜ಼್ ನಾಸ್’. ನಮ್ಮ ಬಗ್ಗೆ, ನಮ್ಮನ್ನು ಬಿಟ್ಟು.

ಇಲ್ಲಿಗೆ ಪದದ ಒಳಗಿನ ಅರ್ಥ ಕೈಗೆ ಸಿಗುತ್ತದೆ. ಕೊಟ್ಟು ಜಗಳ ಬಿಡಿಸಿಕೊಳ್ಳುವುದೆಲ್ಲ ಅಪೀಸ್‌ಮೆಂಟ್ ಅಲ್ಲ. ಬದುವಿನ ಜಗಳ ಬೇಡ ಅಂತ ನನ್ನ ಹೊಲದ ಎರಡು ಗುಂಟೆ ನಾನೇ ಬಿಟ್ಟುಕೊಟ್ಟರೆ ಅದು ರಾಜಿ. ನಿಮ್ಮ ಹೊಲದ ಎರಡು ಗುಂಟೆಯನ್ನು ನಾನು ಬಿಟ್ಟುಕೊಟ್ಟು, ಶಾಂತಿ ತಂದೆ ಅಂತ ಊರ ತುಂಬ ಹೇಳಿಕೊಂಡು ಬಂದರೆ? ಯಾರದೋ ದುಡ್ಡು, ಎಲ್ಲಮ್ಮನ ಜಾತ್ರೆ. ಜೊತೆಗೆ ಇನ್ನೊಂದು ಷರತ್ತು ಇದೆ. ಪಡೆಯುವವನು ಹೆದರಿಸಿ ಪಡೆಯುತ್ತಿರಬೇಕು, ಮತ್ತು ಇಷ್ಟಕ್ಕೆ ಅವನ ಹಸಿವು ತೀರುತ್ತದೆ ಅಂತ ಕೊಡುವವನು ನಂಬಿರಬೇಕು. ‘ಯುರೋಪಿನಲ್ಲಿ ಇದೇ ನನ್ನ ಕೊನೆಯ ಬೇಡಿಕೆ’ ಅಂತ ಹಿಟ್ಲರ್ 26ರಂದು ಬರ್ಲಿನ್ನಿನಲ್ಲಿ ಭಾಷಣ ಮಾಡಿದ್ದ.

ಚೇಂಬರ್ಲಿನ್ ನಂಬಿದರು. 30ರ ಬೆಳಿಗ್ಗೆ ಹಿಟ್ಲರ್‌ನ ಮನೆಗೆ ಹೋಗಿ, ಬ್ರಿಟನ್ ಮತ್ತು ಜರ್ಮನಿ ಇನ್ನೆಂದೂ ಪರಸ್ಪರ ಯುದ್ಧ ಮಾಡುವುದಿಲ್ಲ ಅನ್ನುವ ಇಂಗಿತದ ಒಂದು ಹಾಳೆಗೆ ಸಹಿ ಹಾಕಿಸಿಕೊಂಡು ಬಂದರು. ಹೆಸ್ಟನ್ ವಿಮಾನ ನಿಲ್ದಾಣದಲ್ಲಿ ಇಳಿದು ಅದೇ ಹಾಳೆಯನ್ನು ಗಾಳಿಯಲ್ಲಿ ಎತ್ತಿ ಹಿಡಿದು ಓದಿದರು. ಆ ದೃಶ್ಯವನ್ನು ನೀವೂ ನೋಡಿರುತ್ತೀರಿ. ಸಂಜೆ ಡೌನಿಂಗ್ ಸ್ಟ್ರೀಟಿನ ಕಿಟಕಿಯಿಂದ, ನಮ್ಮ ಕಾಲಕ್ಕೆ ಶಾಂತಿ ಸಿಕ್ಕಿತು, ಮನೆಗೆ ಹೋಗಿ ನೆಮ್ಮದಿಯಾಗಿ ಮಲಗಿ ಅಂದರು. ಜನ ಹುಚ್ಚೆದ್ದು ಕುಣಿದರು. ಅರಮನೆಯ ಬಾಲ್ಕನಿಯಲ್ಲಿ ರಾಜ ರಾಣಿಯ ಪಕ್ಕ ನಿಲ್ಲಿಸಿದರು. ಚೇಂಬರ್ಲಿನ್ ಸದಾ ಹಿಡಿದಿರುತ್ತಿದ್ದ ಕೊಡೆ ಶಾಂತಿಯ ಗುರುತಾಯಿತು. ಒಂದೇ ವರ್ಷದಲ್ಲಿ ಅದೇ ಕೊಡೆ ನಗೆಪಾಟಲಾಯಿತು.

ಅವರನ್ನು ಹೇಡಿ ಅಂದುಬಿಡುವುದು ಸುಲಭ. ನಾನು ಅಷ್ಟು ಬೇಗ ಅನ್ನಲಾರೆ. ಮೊದಲ ಮಹಾಯುದ್ಧದಲ್ಲಿ ಬ್ರಿಟನ್ ಒಂದೇ ಏಳು ಲಕ್ಷಕ್ಕೂ ಜಾಸ್ತಿ ಸೈನಿಕರನ್ನು ಕಳೆದುಕೊಂಡು ಇಪ್ಪತ್ತೇ ವರ್ಷವಾಗಿತ್ತು. ಮಕ್ಕಳನ್ನು ಕಳೆದುಕೊಂಡ ಅಪ್ಪ ಅಮ್ಮಂದಿರು ಇನ್ನೂ ಬದುಕಿದ್ದರು, ಓಟು ಹಾಕುತ್ತಿದ್ದರು. 1937ರಲ್ಲಿ ಸ್ಪೇನಿನ ಗೆರ್ನಿಕಾ ಊರನ್ನು ವಿಮಾನಗಳು ಸುಟ್ಟಿದ್ದನ್ನು ಎಲ್ಲರೂ ಓದಿದ್ದರು. ಮುಂದಿನ ಸರದಿ ಲಂಡನ್ನಿನದು ಅನ್ನುವ ಭಯ. ಬ್ರಿಟಿಷ್ ಸಾಮ್ರಾಜ್ಯದ ಭಾಗವಾಗಿದ್ದ ಕೆನಡಾ, ದಕ್ಷಿಣ ಆಫ್ರಿಕಾಗಳಿಗೆ ಯುದ್ಧದಲ್ಲಿ ಆಸಕ್ತಿ ಇರಲಿಲ್ಲ. ಆ ಯುದ್ಧ ಮುಗಿದ ಮೇಲೆ ಆದ ವರ್ಸೇಲ್ಸ್ ಒಪ್ಪಂದದಲ್ಲಿ ಜರ್ಮನಿಗೆ ಅನ್ಯಾಯವಾಗಿದೆ ಅಂತ ಬ್ರಿಟನ್ನಿನಲ್ಲೇ ಬಹಳ ಜನ ಒಪ್ಪುತ್ತಿದ್ದರು. ಸ್ಪಿಟ್‌ಫೈರ್ ವಿಮಾನ ವಾಯುಪಡೆಯ ತುಕಡಿಗೆ ಸೇರಲು ಶುರುವಾಗಿದ್ದು ಆ ಆಗಸ್ಟ್‌ನಲ್ಲಷ್ಟೇ. ಮ್ಯೂನಿಕ್ ಬ್ರಿಟನ್ನಿಗೆ ಒಂದು ವರ್ಷದ ಸಮಯ ಕೊಡಿಸಿತು ಅನ್ನುವ ಇತಿಹಾಸಕಾರರೂ ಇದ್ದಾರೆ. ಆದರೆ ಆ ವರ್ಷ ಜರ್ಮನಿಗೂ ಸಿಕ್ಕಿತಲ್ಲ! ಅದೂ ಲಾಭದ ಸಮೇತ. ಪಿಲ್ಸೆನ್ ಊರಿನ ಸ್ಕೋಡಾ ಶಸ್ತ್ರಾಸ್ತ್ರ ಕಾರ್ಖಾನೆ ಮುಂದೆ ಅವರ ಕೈಸೇರಿತು. 1940ರಲ್ಲಿ ಫ್ರಾನ್ಸಿನೊಳಗೆ ನುಗ್ಗಿದ ಜರ್ಮನ್ ಟ್ಯಾಂಕುಗಳಲ್ಲಿ ಚೆಕ್ ನಿರ್ಮಿತ ಟ್ಯಾಂಕುಗಳೂ ಇದ್ದವು. ದಲಾದಿಯೆಯ ದೇಶಕ್ಕೆ ಆ ಸಹಿ ಹಾಗೆ ತಿರುಗಿ ಬಂತು.

ಆಗಲೇ ಬೇಡ ಅಂದವರೂ ಇದ್ದರು. ನೌಕಾದಳದ ಮಂತ್ರಿ ಡಫ್ ಕೂಪರ್ ರಾಜೀನಾಮೆ ಕೊಟ್ಟರು. ನಾವು ಪೂರ್ತಿ ಸೋತಿದ್ದೇವೆ ಅಂತ ಚರ್ಚಿಲ್ ಸಂಸತ್ತಿನಲ್ಲಿ ಗುಡುಗಿದರು. ಮತಕ್ಕೆ ಹಾಕಿದಾಗ ಸರ್ಕಾರದ ಪರ 366, ವಿರುದ್ಧ 144. ನೆಹರೂ ಆ ದಿನಗಳಲ್ಲಿ ಯುರೋಪಿನಲ್ಲೇ ಇದ್ದರು, ಆಗಸ್ಟ್‌ನಲ್ಲಿ ಪ್ರಾಗ್‌ಗೂ ಹೋಗಿ ಬಂದಿದ್ದರು. ಮ್ಯೂನಿಕ್‌ನಲ್ಲಿ ಸಿಕ್ಕ ಶಾಂತಿ ಹಿಂಸೆಯ ಗೆಲುವು ಅಂತ ಗಾಂಧೀಜಿ ಅಕ್ಟೋಬರ್‌ನಲ್ಲಿ ತಮ್ಮ ‘ಹರಿಜನ’ ಪತ್ರಿಕೆಯಲ್ಲಿ ಬರೆದರು.

1939ರ ಮಾರ್ಚ್ 15ಕ್ಕೆ ಜರ್ಮನ್ ಸೇನೆ ಪ್ರಾಗ್‌ಗೇ ಬಂತು. ಈ ಸಲ ‘ನಮ್ಮ ಭಾಷೆಯವರು’ ಅನ್ನುವ ನೆಪವೂ ಇರಲಿಲ್ಲ. ಹಿಟ್ಲರ್ ಆ ರಾತ್ರಿ ಪ್ರಾಗ್ ಕೋಟೆಯಲ್ಲೇ ಮಲಗಿದ. ಅಪೀಸ್‌ಮೆಂಟ್ ಅನ್ನುವ ಒಳ್ಳೆಯ ಪದಕ್ಕೆ ಅಲ್ಲಿಗೆ ತಿಥಿ ಆಯಿತು.

ಆಮೇಲೆ ಅದು ಬರೀ ಬೈಗುಳವಾಗಿ ಉಳಿಯಿತು. ಅದರ ಬಳಕೆಯೂ ವಿಚಿತ್ರ. ಚೇಂಬರ್ಲಿನ್ ಜೊತೆ ಜಗಳವಾಡಿ 1938ರ ಫೆಬ್ರವರಿಯಲ್ಲೇ ವಿದೇಶಾಂಗ ಮಂತ್ರಿಗಿರಿ ಬಿಟ್ಟಿದ್ದ ಆಂಟನಿ ಈಡನ್, 1956ರಲ್ಲಿ ತಾವೇ ಪ್ರಧಾನಿಯಾಗಿದ್ದಾಗ ಈಜಿಪ್ಟಿನ ಅಧ್ಯಕ್ಷ ನಾಸರ್‌ರನ್ನು ಮುಸೊಲಿನಿಗೆ ಹೋಲಿಸಿದರು. ಓಲೈಸಬಾರದು ಅಂತ ಅಲ್ಲಿನ ಸೂಯೆಜ್ ಕಾಲುವೆಗೆ ಸೇನೆ ಕಳಿಸಿ ಕೈ ಸುಟ್ಟುಕೊಂಡರು. 1962ರಲ್ಲಿ ಸೋವಿಯತ್ ಒಕ್ಕೂಟ ಕ್ಯೂಬಾದಲ್ಲಿ ಕ್ಷಿಪಣಿ ಇಟ್ಟು ಬಿಕ್ಕಟ್ಟಾದಾಗ ಅಮೆರಿಕದ ವಾಯುಪಡೆಯ ಮುಖ್ಯಸ್ಥ ಲಿಮೇ, ದಾಳಿ ಮಾಡದಿದ್ದರೆ ಇದು ಹೆಚ್ಚುಕಡಿಮೆ ಮ್ಯೂನಿಕ್‌ನಷ್ಟೇ ಕೆಟ್ಟದ್ದು ಅಂತ ಅಧ್ಯಕ್ಷ ಕೆನಡಿಯ ಮುಖದ ಮೇಲೆ ಹೇಳಿದರು. ಕೆನಡಿಯ ಅಪ್ಪ 1938ರಲ್ಲಿ ಲಂಡನ್ನಿನಲ್ಲಿ ಅಮೆರಿಕದ ರಾಯಭಾರಿಯಾಗಿ ಚೇಂಬರ್ಲಿನ್ ಪರ ನಿಂತಿದ್ದವರು. ಚುಚ್ಚಿದ್ದು ಎಲ್ಲಿಗೆ ಅಂತ ಇಬ್ಬರಿಗೂ ಗೊತ್ತಿತ್ತು. ಕೆನಡಿ ದಾಳಿ ಮಾಡಲಿಲ್ಲ. ಟರ್ಕಿಯಲ್ಲಿದ್ದ ಅಮೆರಿಕದ ಕ್ಷಿಪಣಿಗಳನ್ನು ತೆಗೆಯುತ್ತೇವೆ ಅಂತ ಗುಟ್ಟಾಗಿ ಮಾತುಕೊಟ್ಟು ಯುದ್ಧ ತಪ್ಪಿಸಿದರು. ಟರ್ಕಿಯವರನ್ನು ಕೇಳಿರಲಿಲ್ಲ.

ನಮ್ಮಲ್ಲಿ ‘ಓಲೈಕೆ’ ಅಂದರೆ ಈಗ ಓಟಿಗಾಗಿ ಒಂದು ಜಾತಿಗೋ ಧರ್ಮಕ್ಕೋ ಸೌಲಭ್ಯ ಕೊಡುವುದು. ಕೊಟ್ಟದ್ದು ನ್ಯಾಯವೋ ಅಲ್ಲವೋ ಅದು ಬೇರೆ ಜಗಳ. ಆದರೆ ಕೇಳುವವರು ಈ ದೇಶದ ಪ್ರಜೆಗಳೇ, ಅವರು ಗಡಿಯಲ್ಲಿ ಟ್ಯಾಂಕ್ ನಿಲ್ಲಿಸಿಕೊಂಡು ಕೇಳುತ್ತಿಲ್ಲ. ಪದ ಮ್ಯೂನಿಕ್‌ನಿಂದ ಹೊರಟು ಬಹಳ ದೂರ ಬಂದುಬಿಟ್ಟಿದೆ.

ಚೆಕ್ಕರ ‘ನಮ್ಮ ಬಗ್ಗೆ, ನಮ್ಮನ್ನು ಬಿಟ್ಟು’ ಅನ್ನುವ ಮಾತು ಮಾತ್ರ ಇಲ್ಲಿಗೆ ಹಾಗೇ ಬಂತು. 1939ರ ಸೆಪ್ಟೆಂಬರ್ 3ರಂದು ಬ್ರಿಟನ್ ಕೊನೆಗೂ ಜರ್ಮನಿಯ ಮೇಲೆ ಯುದ್ಧ ಸಾರಿತು. ಅದೇ ದಿನ ವೈಸರಾಯ್ ಲಿನ್‌ಲಿತ್‌ಗೋ ಭಾರತವೂ ಯುದ್ಧದಲ್ಲಿದೆ ಅಂತ ಘೋಷಿಸಿದರು. ಇಲ್ಲಿನ ಒಬ್ಬ ನಾಯಕರನ್ನೂ ಕೇಳಲಿಲ್ಲ. ಕಾಂಗ್ರೆಸ್ ಸರ್ಕಾರಗಳು ಒಂದೊಂದಾಗಿ ರಾಜೀನಾಮೆ ಕೊಟ್ಟವು. ಅಕ್ಟೋಬರ್ ಕೊನೆಗೆ ಮಂಗಳೂರು, ಬಳ್ಳಾರಿಗಳಿದ್ದ ಮದ್ರಾಸ್ ಪ್ರಾಂತ್ಯದ ಸರ್ಕಾರ ಹೋಯಿತು. ನವೆಂಬರ್ ಶುರುವಿನಲ್ಲಿ ಧಾರವಾಡ, ಬೆಳಗಾವಿಗಳಿದ್ದ ಬಾಂಬೆ ಪ್ರಾಂತ್ಯದ್ದು.