ಮಗುವಿನ ವಕೀಲರ ಕೆಲಸ ಆರ್ಡರ್ ಶೀಟಿನಲ್ಲಿ ಕಾಣುತ್ತದೆ

ಕೇಸು ಗೆದ್ದವರು ಒಳ್ಳೆಯ ವಕೀಲರು, ದನಿ ಏರಿಸಿ ವಾದಿಸಿದವರು ಇನ್ನೂ ಒಳ್ಳೆಯವರು. ಕಲಬುರಗಿ ಕೋರ್ಟಿನ ಆವರಣದಲ್ಲಿ ಕಕ್ಷಿದಾರರು ನಡೆಸುವ ಪರೀಕ್ಷೆ ಇಷ್ಟೇ. ಹೊಲದ ದಾವೆಗೆ ಅದು ನಡೆದೀತು, ಮಕ್ಕಳ ಪರ ನಿಲ್ಲುವವರಿಗೆ ನಡೆಯದು.

ಪೋಕ್ಸೊ, ಅಂದರೆ ಮಕ್ಕಳ ಮೇಲಿನ ಲೈಂಗಿಕ ಅಪರಾಧಗಳ ಕಾಯ್ದೆಯಡಿಯ ಪ್ರಕರಣವನ್ನೇ ತಗೊಳ್ಳಿ. ಅಲ್ಲಿ ಕೇಸು ನಡೆಸುವವರು ವಿಶೇಷ ಸರ್ಕಾರಿ ಅಭಿಯೋಜಕರು. ಕಲಂ 40ರ ಪ್ರಕಾರ ಮಗುವಿನ ಮನೆಯವರು ತಮ್ಮದೇ ವಕೀಲರನ್ನು ಇಟ್ಟುಕೊಳ್ಳಬಹುದು. ಶಕ್ತಿ ಇಲ್ಲದಿದ್ದರೆ ಕಾನೂನು ಸೇವಾ ಪ್ರಾಧಿಕಾರ ಕೊಡಬೇಕು. ಆದರೆ ನೊಂದವರ ಪರ ವಕೀಲರ ಕೆಲಸ ಅಭಿಯೋಜಕರಿಗೆ ನೆರವಾಗುವುದು, ತಾವೇ ಸಾಕ್ಷಿಗಳ ಪಾಟಿ ಸವಾಲು ನಡೆಸುವುದಲ್ಲ ಎಂದು ಸುಪ್ರೀಂ ಕೋರ್ಟ್ 2019ರಲ್ಲಿ ಹೇಳಿದೆ. ಹಾಗಾಗಿ ತೆರೆದ ಕೋರ್ಟಿನಲ್ಲಿ ಹೆಚ್ಚು ಮಾತಾಡದ ವಕೀಲರೂ ಮಗುವಿಗೆ ಬಹಳ ಮಾಡಿರಬಹುದು.

ಅದು ಗೊತ್ತಾಗುವುದು ಆರ್ಡರ್ ಶೀಟಿನಲ್ಲಿ, ಅಂದರೆ ಪ್ರತಿ ತಾರೀಖಿನಂದು ಏನಾಯಿತೆಂದು ಕೋರ್ಟ್ ಬರೆದಿಡುವ ಹಾಳೆಯಲ್ಲಿ. ನ್ಯಾಯಾಲಯ ಕಾಗ್ನಿಜೆನ್ಸ್ ತೆಗೆದುಕೊಂಡ (ಪ್ರಕರಣವನ್ನು ವಿಚಾರಣೆಗೆ ಎತ್ತಿಕೊಂಡ) 30 ದಿನಗಳೊಳಗೆ ಮಗುವಿನ ಸಾಕ್ಷ್ಯ ಆಗಬೇಕು, ತಡವಾದರೆ ಕಾರಣ ಬರೆಯಬೇಕು. ತಾರೀಖಿನ ಮೇಲೆ ತಾರೀಖು ಬಿದ್ದಾಗ ಮಗುವಿನ ಕಡೆಯಿಂದ ಒಂದು ಮೆಮೊ ಆದರೂ ಬಂದಿದೆಯೇ? 2020ರ ಪೋಕ್ಸೊ ನಿಯಮಗಳ 9ನೇ ನಿಯಮದಡಿ ಮಧ್ಯಂತರ ಪರಿಹಾರಕ್ಕೆ ಅರ್ಜಿ? ಆರೋಪಿಯ ಜಾಮೀನು ಅರ್ಜಿಗೆ ತಕರಾರು? ಯಾವುದೂ ಇಲ್ಲವೆಂದರೆ ಆ ವಕಾಲತ್ತು ಕಡತದೊಳಗಿನ ಇನ್ನೊಂದು ಹಾಳೆ, ಅಷ್ಟೇ.

ಆಮೇಲೆ ಸಾಕ್ಷ್ಯದ ಹಾಳೆಗಳು. ಕಲಂ 33ರ ಪ್ರಕಾರ ಎರಡೂ ಕಡೆಯವರು ಪ್ರಶ್ನೆಗಳನ್ನು ನ್ಯಾಯಾಧೀಶರಿಗೆ ಕೊಡಬೇಕು, ಮಗುವನ್ನು ಕೇಳುವವರು ನ್ಯಾಯಾಧೀಶರು. ನಮ್ಮ ಹಳ್ಳಿಯ ಮಗು ತಾರೀಖು ಹೇಳುವುದು ಕಡಿಮೆ. 'ತೊಗರಿ ರಾಶಿ ಮಾಡೋ ಮುಂದ' ಅನ್ನುತ್ತದೆ, 'ಶರಣಬಸಪ್ಪನ ಜಾತ್ರಿ ಆದ ಮ್ಯಾಲ' ಅನ್ನುತ್ತದೆ. ಹದಿನೈದನೇ ತಾರೀಖೋ ಹದಿನಾರೋ ಎಂದು ಪಟ್ಟು ಹಿಡಿದರೆ ತಡವರಿಸುತ್ತದೆ, ದಾಖಲೆಯಲ್ಲಿ 'ನೆನಪಿಲ್ಲ' ಎಂದು ಉಳಿಯುತ್ತದೆ. ಮೊದಲೇ ಮಗುವಿನ ಜೊತೆ ಕೂತು ಮಾತಾಡಿದ ವಕೀಲರಿಗೆ ಇದು ಗೊತ್ತಿರುತ್ತದೆ; ಸುಗ್ಗಿ, ಜಾತ್ರೆ, ಸಾಲಿ ಸೂಟಿ ಹಿಡಿದು ಕೇಳಿಸಿ ಎಂದು ಅಭಿಯೋಜಕರಿಗೆ ಚೀಟಿ ಕೊಟ್ಟಿರುತ್ತಾರೆ. ತಾಂಡಾದ ಮಗುವಿಗೆ ಲಂಬಾಣಿ ಬಲ್ಲವರನ್ನು, ಬೀದರ್ ಗಡಿಯ ಮಗುವಿಗೆ ಮರಾಠಿ ಬಲ್ಲವರನ್ನು ಕಲಂ 38ರಡಿ ಕೇಳಿ ಪಡೆದಿರುತ್ತಾರೆ. ಉತ್ತರ ಬಾಯಿಪಾಠ ಮಾಡಿಸುವುದು ಮಾತ್ರ ಬೇರೆ ವಿಷಯ. ಹಾಗೆ ಮಾಡಿದವರಿಗೆ ನನ್ನ ಲೆಕ್ಕದಲ್ಲಿ ಸೊನ್ನೆ.

ಮಗುವಿಗೆ ಹದಿನೆಂಟು ತುಂಬಿದೆಯೇ ಎಂಬ ವಯಸ್ಸಿನ ತಕರಾರಂತೂ ತಪ್ಪಿದ್ದಲ್ಲ. ನಮ್ಮಲ್ಲಿ ಎಷ್ಟೋ ಮಕ್ಕಳ ಜನ್ಮದಿನ ಸಾಲಿ ದಾಖಲೆಯಲ್ಲಿ ಜೂನ್ 1. ಎದುರಿನವರು ಅದು ಅಂದಾಜೆಂದು ಬಡಿದೇ ಬಡಿಯುತ್ತಾರೆ. ಬಾಲ ನ್ಯಾಯ ಕಾಯ್ದೆಯ ಕಲಂ 94 ಮೊದಲು ನೋಡುವುದು ಶಾಲಾ ಪ್ರಮಾಣಪತ್ರ ಅಥವಾ ಹತ್ತನೇ ತರಗತಿಯ ಅಂಕಪಟ್ಟಿ, ಆಮೇಲೆ ಪಂಚಾಯಿತಿ ಅಥವಾ ನಗರಸಭೆಯ ಜನನ ಪತ್ರ, ಎರಡೂ ಇಲ್ಲದಿದ್ದರೆ ಮಾತ್ರ ಮೂಳೆ ಪರೀಕ್ಷೆ. ಝೆರಾಕ್ಸ್ ಹಿಡಿದು ಬಂದವರಿಗೂ ಮೂಲ ದಾಖಲಾತಿ ರಿಜಿಸ್ಟರ್ ಸಮೇತ ಹೆಡ್ಮಾಸ್ತರರನ್ನು ಸಾಕ್ಷಿಗೆ ಕರೆಸುವಂತೆ ನೋಡಿಕೊಂಡವರಿಗೂ ವ್ಯತ್ಯಾಸ ತೀರ್ಪಿನಲ್ಲಿ ಕಾಣುತ್ತದೆ.

ಬಾಲ ನ್ಯಾಯ ಮಂಡಳಿಯ ಕಥೆ ಬೇರೆ. ಅಲ್ಲಿ ಆರೋಪ ಹೊತ್ತ ಹುಡುಗನೇ ಕಕ್ಷಿದಾರ. ಕಾರಿಡಾರಿನಲ್ಲಿ ನಿಂತು ನೋಡಿ: ವಕೀಲರು ಮಾತಾಡುವುದು ಅಪ್ಪನ ಜೊತೆ, ಹುಡುಗ ಬೆಂಚಿನ ಮೇಲೆ. ಅಪ್ಪ ಪುಣೆಗೋ ಮುಂಬೈಗೋ ದುಡಿಯಲು ಹೋಗಬೇಕು. 'ಲಗೂ ಮುಗಸ್ರಿ ಸಾಹೇಬ್ರ' ಅನ್ನುತ್ತಾನೆ. ಬುದ್ಧಿ ಹೇಳಿ ಮನೆಗೆ ಕಳಿಸುವ ಅವಕಾಶ ಕಲಂ 18ರಲ್ಲಿ ಇದೆ, ಆದ್ದರಿಂದ 'ತಪ್ಪಾಯ್ತು ಅಂದುಬಿಡು' ಎನ್ನುವುದು ಸಲೀಸು. ಮಾಡದ ತಪ್ಪನ್ನು ಹುಡುಗ ಒಪ್ಪಿಕೊಂಡರೂ ಪ್ರಕರಣ ಬೇಗ ವಿಲೇ ಆಯಿತು ಎಂದೇ ಲೆಕ್ಕ. ಇದಕ್ಕಿಂತ ಕೆಟ್ಟ ವಕೀಲಿಕೆ ನನಗೆ ಗೊತ್ತಿಲ್ಲ. ಹುಡುಗನ ಮನೆ, ಹಿನ್ನೆಲೆ ವಿಚಾರಿಸಿ ಪರಿವೀಕ್ಷಣಾಧಿಕಾರಿ ಕೊಟ್ಟ ಸಾಮಾಜಿಕ ತನಿಖಾ ವರದಿ ಓದಿದರೇ, ಪ್ರಕರಣ ನಡೆಯುವಾಗ ಹುಡುಗರನ್ನು ಇಡುವ ವೀಕ್ಷಣಾಲಯಕ್ಕೆ ಹೋಗಿ ಅವನನ್ನು ಕಂಡರೇ, ಇದೇ ಮೊದಲ ಪ್ರಶ್ನೆ. ಹದಿನಾರು ದಾಟಿದವನ ಮೇಲೆ ಘೋರ ಅಪರಾಧದ ಆರೋಪವಿದ್ದರೆ ದೊಡ್ಡವರಂತೆ ವಿಚಾರಣೆ ನಡೆಸಬೇಕೇ ಎಂದು ನೋಡುವ ಕಲಂ 15ರ ಪ್ರಾಥಮಿಕ ಮೌಲ್ಯಮಾಪನ ಬರುತ್ತದೆ. ಮಂಡಳಿಯಲ್ಲಿ ಮಕ್ಕಳ ಮನಃಶಾಸ್ತ್ರ ಬಲ್ಲವರಿಲ್ಲದಿದ್ದರೆ ತಜ್ಞರ ನೆರವು ಪಡೆಯಲೇಬೇಕು ಎಂದು 2022ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಅದನ್ನು ಕೇಳದೆ ಸುಮ್ಮನಿದ್ದ ವಕೀಲರು ಆ ಹುಡುಗನನ್ನು ದೊಡ್ಡವರ ವಿಚಾರಣೆಗೆ ತಳ್ಳಲು ಕೈಜೋಡಿಸಿದಂತೆಯೇ.

ಕಾನೂನು ಸೇವಾ ಪ್ರಾಧಿಕಾರ ಕೊಡುವ ಪ್ಯಾನೆಲ್ ವಕೀಲರ ಕೆಲಸದ ಮೇಲೆ ಕಣ್ಣಿಡಲು ಉಚಿತ ಕಾನೂನು ಸೇವೆಯ 2010ರ ನಿಯಮಾವಳಿಯಲ್ಲೇ ಮಾನಿಟರಿಂಗ್ ಕಮಿಟಿ ಇದೆ. ವಕೀಲರು ಕೊಡುವ ವರದಿಯಲ್ಲಿ ಮುಂದಿನ ತಾರೀಖು, ಪ್ರಕರಣದ ಹಂತ ಬರೆದರೆ ಸಾಲದು. ಮಗುವನ್ನು ಯಾವಾಗ, ಎಲ್ಲಿ ಕಂಡಿರಿ, ಯಾವ ಅರ್ಜಿ ಹಾಕಿದಿರಿ ಎಂಬ ಕಾಲಂ ಬೇಕು. ಮಗುವಿನ ಅಭಿಪ್ರಾಯವನ್ನೂ ಕೇಳಬೇಕು, ಆದರೆ ಅದನ್ನು ಕೇಳುವವರು ಪ್ರಕರಣದುದ್ದಕ್ಕೂ ಮಗುವಿನ ನೆರವಿಗೆ ಇರುವ ಬೆಂಬಲ ವ್ಯಕ್ತಿಯೋ ಪರಿವೀಕ್ಷಣಾಧಿಕಾರಿಯೋ ಆಗಿರಲಿ. ಕರಿ ಕೋಟು ಹಾಕಿದವರು ಕೇಳಿದರೆ ನಮ್ಮ ಮಕ್ಕಳು ಎಲ್ಲದಕ್ಕೂ 'ಹೌದ್ರಿ ಸರ್' ಅನ್ನುತ್ತವೆ.