ಹಿಡಿ ಬೇರು, ಕ್ವಿಂಟಲ್ ಬೇರು

ದೀಪಾವಳಿ ಕಳೆದು ವಾರವಾಗಿತ್ತು. ಚಿಂಚೋಳಿ ತಾಲ್ಲೂಕಿನ ಕಾಡಂಚಿನ ತಾಂಡಾವೊಂದರಲ್ಲಿ, ಹೊಲದ ಬದುವಿನ ಮುಳ್ಳುಪೊದೆಯ ಬುಡಕ್ಕೆ ಸಣ್ಣ ಹಾರೆ ಹಿಡಿದು ಅಜ್ಜಿಯೊಬ್ಬರು ಕುಳಿತಿದ್ದರು. ತಾಂಡಾದವರೆಲ್ಲ ಅವರನ್ನು ಕರೆಯುವುದು ‘ಯಾಡಿ’ ಎಂದು. ಲಂಬಾಣಿಯಲ್ಲಿ ಹಾಗೆಂದರೆ ತಾಯಿ. ಮನೆಯಲ್ಲಿ ಮೊಮ್ಮಗಳ ಬಾಣಂತನ. ಎದೆಹಾಲು ಹೆಚ್ಚಲಿ ಎಂದು ಕೊಡುವ ರೂಢಿಯ ಶತಾವರಿ ಬೇರು ಅವರಿಗೆ ಬೇಕಿತ್ತು. ಕನ್ನಡದಲ್ಲಿ ಈ ಗಿಡಕ್ಕೆ ‘ಹಲವು ಮಕ್ಕಳ ತಾಯಿ ಬೇರು’ ಎಂಬ ಉದ್ದನೆಯ ಹೆಸರೂ ಇದೆ. ಮಣ್ಣು ಸರಿದಂತೆ ಆ ಹೆಸರು ಎಲ್ಲಿಂದ ಬಂತೆಂದು ಯಾರೂ ಹೇಳಬೇಕಾಗಲಿಲ್ಲ. ಒಂದೇ ಗಂಟಿಗೆ ಜೋತುಬಿದ್ದ ಬೆರಳು ಗಾತ್ರದ ಮಾಸಲು ಬಿಳಿ ಗಡ್ಡೆಗಳು ಕೆಂಪು ಗರಸಿನೊಳಗೆ ನಾಲ್ಕೂ ದಿಕ್ಕಿಗೆ ಇಳಿದಿದ್ದವು.

ಹೊರಗಿನ ಸಾಲಿನಿಂದ ಏಳೆಂಟು ಗಡ್ಡೆ ಮುರಿದುಕೊಂಡು, ನಡುವಿನ ಗಂಟನ್ನು ಮುಟ್ಟದೆ, ಯಾಡಿ ಮಣ್ಣು ಮುಚ್ಚಿ ಹಿಮ್ಮಡಿಯಿಂದ ಒತ್ತಿದರು. ಇಷ್ಟೇ ಸಾಕೇ ಎಂದು ಕೇಳಿದೆ.

“ಒಬ್ಬ ಬಾಣಂತಿಗೆ ಇನ್ನೆಷ್ಟು ಬೇಕು, ಮಾಸ್ತರೇ?”

ಜೀವಶಾಸ್ತ್ರದ ಮಾಸ್ತರನಾದ ನನಗೆ ಅವರ ಕೈಕೆಲಸವೇ ಪಾಠದಂತೆ ಕಂಡಿತು. ಶತಾವರಿಯ ಗಡ್ಡೆಗಳು ನೀರು ಮತ್ತು ಸಕ್ಕರೆಯ ಉಗ್ರಾಣ ಮಾತ್ರ. ಚಿಗುರುವ ಮೊಗ್ಗುಗಳಿರುವುದು ನಡುವಿನ ಗಂಟಿನಲ್ಲಿ. ಬಿಡಿ ಗಡ್ಡೆಯೊಂದನ್ನು ನೆಟ್ಟರೆ ಬಳ್ಳಿ ಏಳುವುದಿಲ್ಲ. ಗಂಟು ಉಳಿದರೆ ಮುಂದಿನ ಮಳೆಗೆ ಹೊಸ ಕುಡಿ ಬರುತ್ತದೆ. ಅಂದ ಹಾಗೆ, ಈ ಬಳ್ಳಿಯ ಮೇಲೆ ಎಲೆಗಳಂತೆ ಕಾಣುವ ಹಸಿರು ಸೂಜಿಗಳು ಎಲೆಗಳಲ್ಲ, ರೂಪ ಬದಲಿಸಿದ ಕಾಂಡಗಳು. ನೀರು ಆವಿಯಾಗಿ ಹೋಗುವುದನ್ನು ತಡೆಯಲು ಒಣನಾಡಿನ ಗಿಡ ಮಾಡಿಕೊಂಡ ಉಪಾಯವದು.

ಯಾಡಿ ದೀಪಾವಳಿಯವರೆಗೆ ಕಾದದ್ದಕ್ಕೂ ಕಾರಣವಿದೆ. ಮಳೆಗಾಲದಲ್ಲಿ ಗಿಡದ ಗಳಿಕೆಯೆಲ್ಲ ಚಿಗುರು, ಹೂ, ಕಾಯಿಗೆ ಖರ್ಚಾಗುತ್ತದೆ. ಮಳೆ ನಿಂತು ಮೇಲಿನ ಭಾಗ ಸೊರಗತೊಡಗಿದಾಗ ಉಳಿದ ಸಾರ ಕೆಳಗಿಳಿದು ಗಡ್ಡೆ ತುಂಬುತ್ತದೆ. ಎಲೆ ಉದುರಿದ ಋತುವಿನಲ್ಲಿ ಬೇರು ತೆಗೆಯಬೇಕೆಂದು ಚರಕ ಸಂಹಿತೆಯೂ ಹೇಳುತ್ತದೆ. ಔಷಧದ ಗುಣಕ್ಕಾಗಿ ಹುಟ್ಟಿದ ಈ ನಿಯಮದಿಂದ ಗಿಡಕ್ಕೂ ಲಾಭವಾಗುತ್ತದೆ, ಏಕೆಂದರೆ ಅಷ್ಟು ಹೊತ್ತಿಗೆ ಬಹಳಷ್ಟು ಗಿಡಗಳ ಬೀಜ ಬಲಿತಿರುತ್ತದೆ. ಅಗೆಯುವ ಮೊದಲು ಯಾಡಿ ಬುಡಕ್ಕೆ ಒಂದು ತಂಬಿಗೆ ನೀರು ಸುರಿದು ಕೈ ಮುಗಿದಿದ್ದರು. ಮೂಢನಂಬಿಕೆ ಎಂದು ನಗುವವರು ನಗಲಿ. ಪ್ರತಿ ಗಿಡಕ್ಕೂ ನೀರೆರೆದು ಕೈ ಮುಗಿಯುತ್ತ ಹೋದರೆ ಸಂಜೆಯೊಳಗೆ ಟ್ರ್ಯಾಕ್ಟರ್ ತುಂಬಿಸಲು ಯಾರಿಂದಲೂ ಆಗದು ಎಂಬುದು ನನ್ನ ಲೆಕ್ಕ.

ಕಾಡಿನಿಂದ ಎಷ್ಟು ತರಬಹುದು ಎಂಬ ಪ್ರಶ್ನೆಗೆ ಸಸ್ಯಶಾಸ್ತ್ರದಲ್ಲಿ ಒಂದೇ ಉತ್ತರವಿಲ್ಲ. ಗಿಡದ ಯಾವ ಭಾಗ ತರುತ್ತೀರಿ, ಅದು ಎಷ್ಟು ವರ್ಷ ಬದುಕುವ ಗಿಡ ಎಂಬುದರ ಮೇಲೆ ಉತ್ತರ ಬದಲಾಗುತ್ತದೆ. ತ್ರಿಫಲದ ಮೂರೂ ಕಾಯಿಗಳು, ಎಂದರೆ ನೆಲ್ಲಿ, ಅಳಲೆ, ತಾರೆ, ಒಣ ಎಲೆಯುದುರುವ ಕಾಡಿನ ಮರಗಳವು. ಹತ್ತಾರು ವರ್ಷ ಬಾಳುವ ಮರ ಪ್ರತಿ ವರ್ಷ ಸಾವಿರಾರು ಕಾಯಿ ಬಿಟ್ಟರೂ ಮರವಾಗಿ ನಿಲ್ಲುವ ಸಸಿಗಳು ಬೆರಳೆಣಿಕೆಯಷ್ಟು. ಆದ್ದರಿಂದ ಒಂದು ವರ್ಷದ ಕಾಯಿ ಹೋದರೆ ಮರಗಳ ಸಂಖ್ಯೆ ಅಷ್ಟಾಗಿ ಕುಗ್ಗುವುದಿಲ್ಲ. ಬೆಳೆದ ಒಂದು ಮರ ಹೋದರೆ ಆ ನಷ್ಟ ತುಂಬಲು ದಶಕಗಳು ಬೇಕು. ಕಾಯಿಗೆ ಕೈ ಎಟುಕದಿದ್ದಾಗ ಕೊಂಬೆಯನ್ನೇ ಕಡಿದು ಕೆಡವುವ ಕೊಡಲಿ ಇಲ್ಲಿ ನಿಜವಾದ ಅಪಾಯ. ಹಾಗೆಂದು ಕಾಯಿಯೆಲ್ಲ ನಮ್ಮದೇ ಎಂದುಕೊಳ್ಳುವಂತೆಯೂ ಇಲ್ಲ. ಉದುರಿದ ನೆಲ್ಲಿಯನ್ನು ಜಿಂಕೆ ನುಂಗಿ, ಆಮೇಲೆ ಮೆಲುಕು ಹಾಕುವಾಗ ಬೀಜವನ್ನು ಬೇರೆ ಕಡೆ ಉಗುಳುತ್ತದೆ. ಬಿತ್ತನೆಯ ಆ ಕೂಲಿಗೂ ಪಾಲು ಉಳಿಯಬೇಕು.

ನೆಲ್ಲಿಯ ವಿಷಯದಲ್ಲಿ ನಮ್ಮ ರಾಜ್ಯದ ತೆಂಕಣ ತುದಿಯ ಒಂದು ಅನುಭವ ಹೇಳಬೇಕು. ಬಿಳಿಗಿರಿರಂಗನ ಬೆಟ್ಟದಲ್ಲಿ ಸೋಲಿಗರು ಕಾಯಿ ಕೀಳುವುದರಿಂದ ಮರಗಳಿಗೆ ಏನಾಗುತ್ತಿದೆ ಎಂದು ವಿಜ್ಞಾನಿಗಳು ವರ್ಷಗಟ್ಟಲೆ ಅಳೆದರು. ಸೋಲಿಗರು ಬೊಟ್ಟು ಮಾಡಿದ್ದು ಬೇರೆ ಕಡೆಗೆ: ಮರದ ಮೇಲೆ ಬೆಳೆದು ಅದರ ಸಾರ ಹೀರುವ ಬಂದಳಿಕೆಯತ್ತ. ಅವರ ಮಾತಿನಲ್ಲಿ ಅದು ‘ಉಪ್ಪಿಲು’. ಹಿಂದೆ ತರಗೆಲೆಗೆ ಹಚ್ಚುತ್ತಿದ್ದ ಸಣ್ಣ ಬೆಂಕಿ ಅದನ್ನು ಹತೋಟಿಯಲ್ಲಿ ಇಡುತ್ತಿತ್ತು, ಬೆಂಕಿ ನಿಷೇಧವಾದ ಮೇಲೆ ಅದು ಹಬ್ಬಿತು ಎಂಬುದು ಅವರ ವಿವರಣೆ. ಬಂದಳಿಕೆ ಹತ್ತಿದ ಮರಗಳು ಸೊರಗುವುದು ಅಧ್ಯಯನದಲ್ಲೂ ಕಂಡಿತು. ಕಾಯಿ ಎಣಿಸುತ್ತಿದ್ದವರು ಮರದ ನೆತ್ತಿಯನ್ನೂ ನೋಡುವಂತಾಯಿತು.

ತೊಗಟೆಯ ಲೆಕ್ಕ ಇನ್ನೂ ಬಿಗಿ. ಎಲೆ ತಯಾರಿಸಿದ ಆಹಾರ ಬೇರಿಗೆ ಇಳಿಯುವುದು ತೊಗಟೆಯ ಒಳಪದರದ ಮೂಲಕ. ಹಳ್ಳದ ದಂಡೆಯ ಹೊಳೆಮತ್ತಿಯ ಸುತ್ತ ಬಳೆಯಂತೆ ತೊಗಟೆ ಸುಲಿದರೆ ಮರ ಕೂಡಲೇ ಬಾಡುವುದಿಲ್ಲ. ಬೇರು ಉಪವಾಸ ಬಿದ್ದು ತಿಂಗಳುಗಳ ಮೇಲೆ ಸಾಯುತ್ತದೆ. ಅಷ್ಟರಲ್ಲಿ ಸುಲಿದವನು ಇನ್ನೊಂದು ಹಳ್ಳದಲ್ಲಿರುತ್ತಾನೆ. ಒಂದು ಪಕ್ಕದಲ್ಲಿ ಮಾತ್ರ ಉದ್ದಕ್ಕೆ ಪಟ್ಟಿ ತೆಗೆದು ಒಳಪದರ ಉಳಿಸಿದರೆ ಗಾಯ ಮಾಯುತ್ತದೆ.

ಒಂದೇ ಮಳೆಗಾಲ ಬಾಳುವ ನೆಲನೆಲ್ಲಿಯದು ಇದಕ್ಕೆ ತದ್ವಿರುದ್ಧ. ಅದಕ್ಕೆ ಬೀಜವೊಂದೇ ಆಸ್ತಿ. ಎಲೆಸಾಲಿನ ಕೆಳಗೆ ಸಾಸಿವೆಯಂತೆ ತೂಗುವ ಕಾಯಿ ಬಲಿತು ಸಿಡಿದ ಮೇಲೆ ಬೇರುಸಹಿತ ಕಿತ್ತರೂ ನಷ್ಟವಿಲ್ಲ, ಮೊದಲೇ ಕಿತ್ತರೆ ವಂಶ ಅಲ್ಲಿಗೇ ಮುಗಿಯಿತು. ಕಲಬುರಗಿಯ ತೊಗರಿ ಹೊಲಗಳಲ್ಲಿ ಅದು ಕಳೆ. ಉತ್ತರಾಣಿ, ಕೊಮ್ಮೆಯೂ ಅಷ್ಟೇ. ಕಾಡಿನ ಔಷಧ ಎಂದು ನಾವು ಬರೆಯುವ ಎಷ್ಟೋ ಗಿಡಗಳ ನಿಜವಾದ ವಿಳಾಸ ಹೊಲದ ಬದು. ಕುರ್ಪಿಯಿಂದ ಕಳೆ ತೆಗೆಯುವ ಹೆಂಗಸರಿಗೆ ಯಾವುದು ಎಸೆಯುವುದು, ಯಾವುದು ಸೆರಗಿಗೆ ಕಟ್ಟಿಕೊಳ್ಳುವುದು ಎಂದು ಗೊತ್ತಿತ್ತು. ಕಳೆನಾಶಕದ ಪಂಪಿಗೆ ಆ ಭೇದವಿಲ್ಲ.

ಇಷ್ಟೆಲ್ಲ ಬಲ್ಲವರು ಊರೂರಲ್ಲಿ ಇದ್ದರೂ ಬೇರುಗಳು ಬರಿದಾಗುವುದು ಏಕೆ? ಯಾಡಿಯ ಜ್ಞಾನವೆಲ್ಲ ಹಿಡಿಯ ಲೆಕ್ಕದ್ದು: ಒಂದು ಮನೆ, ಒಂದು ರೋಗ, ಒಂದು ಹಿಡಿ ಬೇರು. ಮಾರುಕಟ್ಟೆಯದು ಕ್ವಿಂಟಲಿನ ಲೆಕ್ಕ. ರಾಷ್ಟ್ರೀಯ ಔಷಧೀಯ ಸಸ್ಯ ಮಂಡಳಿಗಾಗಿ ನಡೆದು 2008ರಲ್ಲಿ ಪ್ರಕಟವಾದ ಸಮೀಕ್ಷೆಯಲ್ಲಿ ದೇಶದ ವ್ಯಾಪಾರದಲ್ಲಿದ್ದ ಔಷಧೀಯ ಸಸ್ಯಗಳು 960 ಬಗೆ. ವರ್ಷಕ್ಕೆ 100 ಟನ್ನಿಗಿಂತ ಹೆಚ್ಚು ಬಳಕೆಯಾಗುತ್ತಿದ್ದವು 178. ಇಂಥದೇ ಸಮೀಕ್ಷೆ 2017ರಲ್ಲಿ ಹೊರಬಂದಾಗ ಆ ಸಂಖ್ಯೆಗಳು 1,178 ಮತ್ತು 242 ಆಗಿದ್ದವು. ಹಸಿ ಬೇರಿನಲ್ಲಿ ಬಹುಪಾಲು ನೀರೇ ಇರುವುದರಿಂದ ಒಂದು ಟನ್ ಒಣ ಸರಕಿನ ಹಿಂದೆ ಎಷ್ಟೋ ಟನ್ ಅಗೆತ ಅಡಗಿರುತ್ತದೆ. ತೂಕಕ್ಕೆ ದುಡ್ಡು ಎಂದಾದಾಗ ನಡುವಿನ ಗಂಟೂ ತೂಕವೇ, ಎಳೆಯದೂ ತೂಕವೇ. ನಾನು ಬಿಟ್ಟರೆ ನಾಳೆ ಇನ್ನೊಬ್ಬ ಅಗೆಯುತ್ತಾನೆ ಎಂಬ ಭಯ ಸೇರಿದ ಮೇಲೆ ಗಂಟನ್ನು ಮಣ್ಣಲ್ಲಿ ಬಿಟ್ಟು ಬರುವವನೇ ದಡ್ಡ ಎನ್ನಿಸಿಕೊಳ್ಳುತ್ತಾನೆ. ಅಗೆಯುವ ಕೂಲಿಯವರನ್ನು ಬೈದು ಪ್ರಯೋಜನವಿಲ್ಲ, ದರ ನಿಗದಿಯಾಗುವುದು ಅವರ ಕೈಯಲ್ಲಲ್ಲ.

ತೂಕದ ಭರದಲ್ಲಿ ಹೆಸರೂ ಕೆಡುತ್ತದೆ. ಕೊರೊನಾ ಕಾಲದಲ್ಲಿ ಅಮೃತಬಳ್ಳಿಗೆ ಬಂದ ಬೇಡಿಕೆ ನೆನಪಿರಬೇಕು. ಬೇವಿನ ಮರಕ್ಕೆ ಹಬ್ಬಿದ ಬಳ್ಳಿಗಳನ್ನೆಲ್ಲ ಜನ ಕೊಯ್ದರು. ಅಮೃತಬಳ್ಳಿ ಗಟ್ಟಿ ಜೀವ. ಬುಡ ಕಡಿದರೂ ಮೇಲಿನಿಂದ ದಾರದಂಥ ಬೇರುಗಳನ್ನು ಇಳಿಬಿಟ್ಟು ನೆಲ ಮುಟ್ಟುತ್ತದೆ. ತೊಂದರೆಯಾದದ್ದು ಅದನ್ನು ಕುಡಿದ ಕೆಲವರಿಗೆ. 2021ರಲ್ಲಿ ಮುಂಬೈಯ ವೈದ್ಯರು ಅಮೃತಬಳ್ಳಿ ಸೇವಿಸಿದ್ದ ಆರು ರೋಗಿಗಳಲ್ಲಿ ಯಕೃತ್ತಿಗೆ ಹಾನಿಯಾದುದನ್ನು ವರದಿ ಮಾಡಿದರು. ಅದು ಅಮೃತಬಳ್ಳಿಯಾಗಿರದೆ, ಅದನ್ನೇ ಹೋಲುವ, ಕಾಂಡದ ಮೇಲೆ ಒತ್ತಾಗಿ ಗಂತಿಗಳಿರುವ ಸೋದರ ಪ್ರಭೇದವಾಗಿರಬಹುದು ಎಂದು ಆಯುಷ್ ಸಚಿವಾಲಯ ವಾದಿಸಿತು. ವಾದ ಯಾರದೇ ಗೆಲ್ಲಲಿ, ಕಾಂಡವನ್ನು ಬೆರಳಲ್ಲಿ ಸವರಿ ನೋಡಿ ಕೊಡುವ ನಾಟಿ ವೈದ್ಯರ ಪರೀಕ್ಷೆ ಚೀಲದಲ್ಲಿ ಬರುವ ಪುಡಿಗೆ ಇಲ್ಲ. ಕೊಮ್ಮೆಯೂ ಹಾಗೆಯೇ: ಅದರ ಬೇರನ್ನು ಕೇಳಿದರೆ ಅದರಂತೆಯೇ ನೆಲಕ್ಕೆ ಹರಡುವ ಬೇರೆಯ ಕಳೆಯ ಬೇರು ಬಂದೀತು. ನೈಸರ್ಗಿಕ ಎಂದ ಮಾತ್ರಕ್ಕೆ ಕಣ್ಣು ಮುಚ್ಚಿ ಕುಡಿಯುವಂತಿಲ್ಲ.

ಹಿಡಿ ಮತ್ತು ಕ್ವಿಂಟಲಿನ ಈ ಗೆರೆಯನ್ನು ಕಾನೂನೂ ಎಳೆದಿದೆ, ಆದರೆ ಅಂಕುಡೊಂಕಾಗಿ. ಚಿಂಚೋಳಿಯ ಕಾಡು 2011ರಲ್ಲಿ ವನ್ಯಜೀವಿಧಾಮವಾಯಿತು. ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಭಯಾರಣ್ಯದಿಂದ ತೆಗೆದ ಉತ್ಪನ್ನ ಅಲ್ಲಿನ ಜನರ ಸ್ವಂತ ಬಳಕೆಗೆ ಸಲ್ಲಬಹುದು, ವ್ಯಾಪಾರಕ್ಕೆ ಸಲ್ಲದು. 2006ರ ಅರಣ್ಯ ಹಕ್ಕು ಕಾಯ್ದೆ ಮಾತ್ರ ಔಷಧೀಯ ಸಸ್ಯ, ಬೇರು, ಗಡ್ಡೆಗಳನ್ನು ಸಂಗ್ರಹಿಸಿ ಮಾರುವ ಹಕ್ಕನ್ನೂ ಅರಣ್ಯವಾಸಿಗಳಿಗೆ ಕೊಡುತ್ತದೆ. ಅರಣ್ಯವಾಸಿ ಯಾರು ಎಂಬಲ್ಲಿ ತೊಡಕು. ಕರ್ನಾಟಕದಲ್ಲಿ ಲಂಬಾಣಿಗರು ಪರಿಶಿಷ್ಟ ಜಾತಿ. ಕೆಲವೇ ಮೈಲಿ ಆಚೆ, ತೆಲಂಗಾಣದಲ್ಲಿ, ಅವರ ಬೀಗರು ಪರಿಶಿಷ್ಟ ಪಂಗಡ. ಪಂಗಡದವರಲ್ಲದ ಈಚೆಯವರು 2005ರ ಡಿಸೆಂಬರ್ 13ಕ್ಕೆ ಮುನ್ನ ಮೂರು ತಲೆಮಾರು, ಎಂದರೆ 75 ವರ್ಷ, ಅಲ್ಲಿ ಬಾಳಿದ್ದನ್ನು ಸಾಬೀತುಪಡಿಸಬೇಕು. ಗಿಡಕ್ಕೆ ಮಾತ್ರ ರಾಜ್ಯದ ಗಡಿ ಗೊತ್ತಿಲ್ಲ.

2002ರ ಜೀವವೈವಿಧ್ಯ ಕಾಯ್ದೆಯಡಿ ಸ್ಥಳೀಯ ಸಂಸ್ಥೆಗಳ ಮಟ್ಟದಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಊರಿನವರನ್ನು ಕೇಳಿ ಜನತಾ ಜೀವವೈವಿಧ್ಯ ದಾಖಲಾತಿ ಬರೆಯಬೇಕು. ನನಗೆ ಈ ಪುಸ್ತಕದ ಮೇಲೆ ಆಸೆಯೂ ಇದೆ, ಅನುಮಾನವೂ ಇದೆ. ಬರೆಯದಿದ್ದರೆ ಯಾಡಿಯೊಂದಿಗೇ ಎಷ್ಟೋ ಹೆಸರುಗಳು ಹೋಗುತ್ತವೆ. ಬರೆದರೆ ಬೇರು ಎಲ್ಲಿದೆ ಎಂಬುದು ಬೇಕಾದವರಿಗೂ ಬೇಡಾದವರಿಗೂ ತಿಳಿಯುತ್ತದೆ.

ಅಂದು ಮಧ್ಯಾಹ್ನ ಅವರ ಅಂಗಳದಲ್ಲಿ ಕುಳಿತು ನಾನೂ ಒಂದು ನೋಟುಬುಕ್ಕಿನಲ್ಲಿ ಪಟ್ಟಿ ಮಾಡತೊಡಗಿದೆ. ಗಿಡದ ಹೆಸರು, ಬಳಸುವ ಭಾಗ, ಕೀಳುವ ತಿಂಗಳು. ಎಲ್ಲಕ್ಕೂ ಯಾಡಿ ಬಿಡಿಸಿ ಬಿಡಿಸಿ ಉತ್ತರ ಕೊಟ್ಟರು. ಮೊಮ್ಮಗಳು ಒಳಗಿನಿಂದ ಕೂಗಿ ಎರಡು ಗಿಡ ಸೇರಿಸಿದಳು. ಕೊನೆಯ ಅಂಕಣ ‘ಸಿಗುವ ಜಾಗ’. ಶತಾವರಿಯಿಂದ ಹಿಡಿದು ಹದಿನೇಳು ಗಿಡಗಳಿಗೂ ಅವರು ಹೇಳಿದ್ದು ಒಂದೇ ಪದ.

“ಗುಡ್ಡ.”

ಯಾವ ಗುಡ್ಡ ಎಂದು ಕೇಳಿದಾಗ ಅವರು ಚಹಾ ತರಲು ಒಳಗೆ ಹೋದರು.