ಎಚ್-ಇಂಡೆಕ್ಸ್ ಜಾಸ್ತಿ ಇದ್ದರೆ ಒಳ್ಳೆಯ ಗೈಡ್ ಅಂತಾನಾ?

ಪ್ರಶ್ನೆ: ಮಗಳು ತುಮಕೂರಿನಲ್ಲಿ ಎಂ.ಎಸ್ಸಿ. ಬಯೋಕೆಮಿಸ್ಟ್ರಿ ಮುಗಿಸಿದ್ದಾಳೆ. ಪಿಎಚ್.ಡಿ. ಮಾಡಬೇಕು ಅಂತಾಳೆ. ಇಬ್ಬರು ಗೈಡ್‌ಗಳನ್ನು ನೋಡಿಟ್ಟುಕೊಂಡಿದ್ದೇವೆ. ಒಬ್ಬರು ಬೆಂಗಳೂರಿನವರು, ಕ್ಯಾನ್ಸರ್ ಮೇಲೆ ಕೆಲಸ, ಎಚ್-ಇಂಡೆಕ್ಸ್ 31. ಇನ್ನೊಬ್ಬರು ನಮ್ಮ ಕಡೆಯವರೇ, ಫ್ಲೋರೈಡ್ ನೀರಿನಿಂದ ಬರುವ ಮೂಳೆ ಕಾಯಿಲೆ ಮೇಲೆ ಕೆಲಸ, ಎಚ್-ಇಂಡೆಕ್ಸ್ 12. ನನಗೆ ಈ ಲೆಕ್ಕ ಗೊತ್ತಾಗಲ್ಲ. 31 ಇರುವವರ ಹತ್ತಿರ ಸೇರಿಸೋದೇ ಸರಿ ಅಲ್ವಾ?
(ಶಿರಾ ತಾಲ್ಲೂಕಿನ ಓದುಗರೊಬ್ಬರು)

ಉತ್ತರ: ಆ ಎರಡು ಅಂಕಿ ನೋಡಿ ಮಾತ್ರ ತೀರ್ಮಾನ ಮಾಡಬೇಡಿ. 31 ಇರುವವರು ಒಳ್ಳೆಯ ಗೈಡ್ ಇರಬಹುದು, 12 ಇರುವವರೂ ಇರಬಹುದು. ಅದನ್ನು ಹೇಳುವ ಶಕ್ತಿ ಆ ಅಂಕಿಗೆ ಇಲ್ಲ. ಅದು ಬೇರೆ ಏನನ್ನೋ ಎಣಿಸುತ್ತದೆ.

ಸಂಶೋಧಕರು ಒಂದು ಲೇಖನ ಬರೆದಾಗ, ಅದಕ್ಕೆ ಆಧಾರವಾದ ಹಳೆಯ ಲೇಖನಗಳ ಪಟ್ಟಿಯನ್ನು ಕೊನೆಯಲ್ಲಿ ಕೊಡುತ್ತಾರೆ. ಆ ಪಟ್ಟಿಯಲ್ಲಿ ನಿಮ್ಮ ಲೇಖನದ ಹೆಸರು ಬಂದರೆ ನಿಮಗೆ ಒಂದು ಸೈಟೇಷನ್. ಎಚ್-ಇಂಡೆಕ್ಸ್ ಹುಟ್ಟಿದ್ದು ಇದರ ಮೇಲೆಯೇ. 2005ರಲ್ಲಿ ಹೋರ್ಹೆ ಹಿರ್ಷ್ ಎಂಬ ಭೌತವಿಜ್ಞಾನಿ ಈ ಲೆಕ್ಕ ಹೇಳಿಕೊಟ್ಟರು. ಸೈಟೇಷನ್ ಜಾಸ್ತಿ ಇರುವ ಲೇಖನದಿಂದ ಸಾಲಾಗಿ ಎಣಿಸುತ್ತಾ ಹೋಗಿ, ಎಷ್ಟನೇ ಲೇಖನವೋ ಅಷ್ಟಾದರೂ ಸೈಟೇಷನ್ ಇರುವ ಕೊನೆಯ ಲೇಖನದ ಸಂಖ್ಯೆಯೇ ಎಚ್-ಇಂಡೆಕ್ಸ್. ಒಬ್ಬರು ಆರು ಲೇಖನ ಬರೆದಿದ್ದಾರೆ ಅಂತಿಟ್ಟುಕೊಳ್ಳಿ. ಸೈಟೇಷನ್ ಜಾಸ್ತಿ ಇರುವುದರಿಂದ ಕಡಿಮೆ ಇರುವುದಕ್ಕೆ ಜೋಡಿಸಿದರೆ 40, 22, 9, 5, 4, 1. ನಾಲ್ಕನೇ ಲೇಖನಕ್ಕೆ 5 ಇದೆ, ಅಂದರೆ ನಾಲ್ಕಕ್ಕಿಂತ ಕಡಿಮೆ ಇಲ್ಲ, ಸರಿ. ಐದನೇ ಲೇಖನಕ್ಕೆ ಐದಾದರೂ ಬೇಕಿತ್ತು, ಇರೋದು 4. ಅಲ್ಲಿಗೆ ನಿಂತಿತು. ಅವರ ಎಚ್-ಇಂಡೆಕ್ಸ್ 4.

ಈಗ ಮೊದಲ ಲೇಖನದ 40ನ್ನು 4,000 ಮಾಡಿ ನೋಡಿ. ಎಚ್-ಇಂಡೆಕ್ಸ್ ಆಗಲೂ 4. ಇಡೀ ಜೀವಮಾನದಲ್ಲಿ ಒಂದೇ ಒಂದು ದೊಡ್ಡ ಕೆಲಸ ಮಾಡಿದವರನ್ನು ಈ ಲೆಕ್ಕ ಗುರುತಿಸುವುದೇ ಇಲ್ಲ. ಇನ್ನೊಂದು ವಿಷಯ, ಇದು ಇಳಿಯುವುದಿಲ್ಲ. ಲೇಖಕರು ಸಂಶೋಧನೆ ಬಿಟ್ಟು ಹತ್ತು ವರ್ಷ ಆಗಿದ್ದರೂ ಹಳೆಯ ಲೇಖನಗಳಿಗೆ ಸೈಟೇಷನ್ ಬರುತ್ತಲೇ ಇದ್ದರೆ ಅಂಕಿ ಮೇಲೇರುತ್ತದೆ. ಹಾಗಾಗಿ ಅರ್ಧ ಪಾಲು ಅದು ವಯಸ್ಸಿನ ಲೆಕ್ಕ. ಮೂವತ್ತೈದರ ಗೈಡನ್ನೂ ಐವತ್ತೆಂಟರ ಗೈಡನ್ನೂ ಪಕ್ಕಪಕ್ಕ ನಿಲ್ಲಿಸಿ 12, 31 ಅಂತ ಹೋಲಿಸಿದರೆ ಹುಟ್ಟಿದ ವರ್ಷ ಹೋಲಿಸಿದ ಹಾಗಾಗುತ್ತದೆ.

ನೀವು ಹೇಳಿದ ಇಬ್ಬರ ವಿಷಯವೂ ಬೇರೆ ಬೇರೆ. ಅಂಕಿಯ ವ್ಯತ್ಯಾಸಕ್ಕೆ ದೊಡ್ಡ ಕಾರಣ ಇದೇ ಇರಬಹುದು. ಕ್ಯಾನ್ಸರ್ ಮೇಲೆ ಪ್ರಪಂಚದಲ್ಲಿ ಸಾವಿರಾರು ಲ್ಯಾಬ್‌ಗಳು ಕೆಲಸ ಮಾಡುತ್ತಿವೆ. ಬರೆಯುವವರು ಜಾಸ್ತಿ, ಹಾಗಾಗಿ ಸೈಟ್ ಮಾಡುವವರೂ ಜಾಸ್ತಿ. ಫ್ಲೋರೋಸಿಸ್, ಅಂದರೆ ಫ್ಲೋರೈಡ್ ನೀರಿನ ಆ ಕಾಯಿಲೆ, ಹಾಗಲ್ಲ. ಭಾರತ, ಚೀನಾ, ಪೂರ್ವ ಆಫ್ರಿಕಾದ ಕೆಲವು ದೇಶಗಳು, ಹೀಗೆ ಕೆಲವು ಕಡೆ ಅದರ ಕಾಟ. ಭಾರತದಲ್ಲಿ ಈ ಕಾಯಿಲೆಯನ್ನು ವೈದ್ಯರು ಮೊದಲು ದಾಖಲಿಸಿದ್ದು 1937ರಲ್ಲಿ, ಆಗಿನ ಮದ್ರಾಸ್ ಪ್ರಾಂತ್ಯದ ನೆಲ್ಲೂರು ಕಡೆ. ಪಾವಗಡ, ಬಾಗೇಪಲ್ಲಿ, ಮಾಲೂರು ಕಡೆಯವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಮಕ್ಕಳ ಹಲ್ಲಿನ ಮೇಲೆ ಕಂದು ಪಟ್ಟೆ, ವಯಸ್ಸಾದವರಿಗೆ ಬಗ್ಗಲಾಗದ ಬೆನ್ನು, ಊರಿನ ನೀರಿನ ಘಟಕದ ಮುಂದೆ ಕ್ಯಾನ್ ಹಿಡಿದು ನಿಂತ ಜನ, ಎಲ್ಲ ನೋಡಿಯೇ ಬೆಳೆದವರು. ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ ನಡೆಯುತ್ತದೆ ಎನ್ನುತ್ತದೆ ಭಾರತೀಯ ಮಾನಕ. ಒಬ್ಬ ಸಂಶೋಧಕ ನಮ್ಮ ಹತ್ತು ಹಳ್ಳಿಯ ಕೊಳವೆಬಾವಿ ನೀರನ್ನು ಪರೀಕ್ಷಿಸಿ, ಯಾವ ಮಕ್ಕಳಿಗೆ ತೊಂದರೆ ಶುರುವಾಗಿದೆ ಎಂದು ಬರೆದರೆ, ಅದನ್ನು ಓದಿದ ಎಂಜಿನಿಯರ್ ಒಂದು ಬಾವಿ ಮುಚ್ಚಿಸಬಹುದು, ಒಂದು ಘಟಕ ಹಾಕಿಸಬಹುದು. ಆ ಎಂಜಿನಿಯರ್ ಜರ್ನಲ್‌ಗೆ ಲೇಖನ ಬರೆಯುವುದಿಲ್ಲ. ಸೈಟೇಷನ್ ಲೆಕ್ಕದಲ್ಲಿ ಅಲ್ಲಿ ಸೊನ್ನೆ. ಈ ಸೊನ್ನೆಯನ್ನು ನೋಡಿ ಒಂದು ಕೆಲಸವನ್ನು ಚಿಕ್ಕದು ಅನ್ನುವುದು ನನಗೆ ಒಪ್ಪಿಗೆ ಇಲ್ಲ.

ಜಾಸ್ತಿ ಸೈಟೇಷನ್ ಅಂದರೆ ಜಾಸ್ತಿ ಶ್ರೇಷ್ಠ ಅಂತಲೂ ಅಲ್ಲ. ನಿಮ್ಮ ಮಗಳನ್ನೇ ಕೇಳಿ, ಪ್ರಾಕ್ಟಿಕಲ್‌ನಲ್ಲಿ ಲೋರಿ ಮೆಥಡ್ ಮಾಡಿರುತ್ತಾಳೆ. ಸಾಲಾಗಿ ಟೆಸ್ಟ್ ಟ್ಯೂಬ್, ಒಂದೊಂದಕ್ಕೂ ಪ್ರೋಟೀನ್ ದ್ರಾವಣ, ತಾಮ್ರದ ದ್ರಾವಣ, ಕೊನೆಗೆ ಫೋಲಿನ್ ರೀಏಜೆಂಟ್. ಸ್ವಲ್ಪ ಹೊತ್ತಿಗೆ ತಿಳಿ ನೀಲಿಯಿಂದ ಗಾಢ ನೀಲಿಯವರೆಗೆ ಬಣ್ಣ ಏರುತ್ತದೆ. ಕಲರಿಮೀಟರ್‌ನಲ್ಲಿ ರೀಡಿಂಗ್ ತಗೊಂಡು ಗ್ರಾಫ್ ಹಾಕಿದರೆ ಪ್ರೋಟೀನ್ ಎಷ್ಟಿದೆ ಅಂತ ಸಿಗುತ್ತದೆ. ಆಲಿವರ್ ಲೋರಿ ಮತ್ತು ಜೊತೆಗಾರರು 1951ರಲ್ಲಿ ಇದನ್ನು ಪ್ರಕಟಿಸಿದರು. 3 ಲಕ್ಷಕ್ಕೂ ಜಾಸ್ತಿ ಸೈಟೇಷನ್ ಪಡೆದ ಲೇಖನ ಅದು. ಹೊಸ ಕಾಯಿಲೆ ಕಂಡುಹಿಡಿದಿದ್ದಕ್ಕಲ್ಲ, ಔಷಧಿಗೂ ಅಲ್ಲ. ಎಲ್ಲ ಲ್ಯಾಬ್‌ನಲ್ಲೂ ಪ್ರೋಟೀನ್ ಅಳೆಯಬೇಕು, ಅಳೆದವರೆಲ್ಲ ಅದರ ಹೆಸರು ಬರೆದರು. ಇನ್ನೊಂದು ಕಡೆ, ಎಂಎಂಆರ್ ಲಸಿಕೆಗೂ ಆಟಿಸಂಗೂ ನಂಟು ಹಾಕಿದ ವೇಕ್‌ಫೀಲ್ಡ್ ಲೇಖನ. 1998ರಲ್ಲಿ ಲ್ಯಾನ್ಸೆಟ್‌ನಲ್ಲಿ ಬಂತು, 2010ರಲ್ಲಿ ಜರ್ನಲ್ ಅದನ್ನು ವಾಪಸ್ ತೆಗೆದುಕೊಂಡಿತು. ಅದಕ್ಕೂ ಸೈಟೇಷನ್ ರಾಶಿ ಇದೆ. ಇದು ತಪ್ಪು ಅಂತ ಬರೆಯಲಿಕ್ಕೂ ಹೆಸರು ಹೇಳಲೇಬೇಕಲ್ಲ.

ಹಾಗಾದರೆ ಸೈಟೇಷನ್ ಕಡಿಮೆ ಇದ್ದೂ ದೊಡ್ಡ ಕೆಲಸ ಮಾಡಿದವರು ಇದ್ದಾರಾ ಅಂದರೆ, ನಮ್ಮ ದೇಶದಲ್ಲೇ ಇದ್ದಾರೆ. ಕಲ್ಕತ್ತಾದ ಶಂಭುನಾಥ್ ಡೇ. ಕಾಲರಾ ಬಂದವರ ದೇಹದಿಂದ ನೀರು ಯಾಕೆ ಹಾಗೆ ಹರಿದುಹೋಗುತ್ತದೆ ಎಂಬುದು ಆಗ ಬಗೆಹರಿಯದ ಪ್ರಶ್ನೆ. ಅವರು ಕಾಲರಾ ಬ್ಯಾಕ್ಟೀರಿಯಾ ಬೆಳೆಸಿದ ದ್ರವವನ್ನು ಸೋಸಿ, ಬ್ಯಾಕ್ಟೀರಿಯಾ ಒಂದೂ ಇಲ್ಲದ ಹಾಗೆ ಮಾಡಿ, ಮೊಲದ ಕರುಳಿನ ಕಟ್ಟಿದ ತುಂಡಿಗೆ ಹಾಕಿದರು. ಕರುಳಲ್ಲಿ ನೀರು ತುಂಬಿಕೊಂಡಿತು. ಬ್ಯಾಕ್ಟೀರಿಯಾ ಬಿಡುವ ವಿಷವೇ ಇದಕ್ಕೆ ಕಾರಣ ಎಂದು 1959ರಲ್ಲಿ ನೇಚರ್ ಪತ್ರಿಕೆಯಲ್ಲಿ ಬರೆದರು. ಮೊದಲ ಕೆಲವು ವರ್ಷ ಆ ಲೇಖನದ ಕಡೆ ಹೆಚ್ಚು ಜನ ತಿರುಗಿ ನೋಡಲಿಲ್ಲ. ಭಾರತದ ಯಾವ ವಿಜ್ಞಾನ ಅಕಾಡೆಮಿಯೂ ಅವರನ್ನು ಫೆಲೋ ಮಾಡಲಿಲ್ಲ. 1978ರಲ್ಲಿ ಕಾಲರಾ ಬಗ್ಗೆ ನಡೆದ ನೊಬೆಲ್ ಸಿಂಪೋಸಿಯಂಗೆ ಅವರಿಗೆ ಕರೆ ಬಂತು, 1985ರಲ್ಲಿ ತೀರಿಕೊಂಡರು. ಮರುವರ್ಷ ಅವರ ಕೆಲಸದ ಬಗ್ಗೆ ವಿವರವಾಗಿ ಬರೆದವರು ಯಾರು ಗೊತ್ತಾ? ಯೂಜೀನ್ ಗಾರ್ಫೀಲ್ಡ್. 1964ರಲ್ಲಿ ಸೈನ್ಸ್ ಸೈಟೇಷನ್ ಇಂಡೆಕ್ಸ್ ಶುರು ಮಾಡಿದವರು, ಈ ಎಣಿಕೆಯನ್ನೇ ಪ್ರಪಂಚಕ್ಕೆ ಕೊಟ್ಟವರು. ಸೈಟೇಷನ್ ನಕ್ಷೆ ಹಾಕಿ, ಕಾಲರಾ ಸಂಶೋಧನೆ ಎಲ್ಲಿಂದ ಕವಲೊಡೆಯಿತು ಅಂತ ತೋರಿಸಿದರು. ಬರೀ ಮೊತ್ತ ಕೂಡಿದರೆ ಕಾಣದ್ದು, ಯಾರು ಯಾರನ್ನು ಹಿಡಿದು ಮುಂದೆ ಹೋದರು ಅಂತ ನೋಡಿದರೆ ಕಾಣುತ್ತದೆ. ಸೈಟೇಷನ್‌ನ ನಿಜವಾದ ಬೆಲೆ ನನ್ನ ಮಟ್ಟಿಗೆ ಇದೇ.

ಇನ್ನು ಆ 31 ಮತ್ತು 12 ಎಲ್ಲಿಂದ ತೆಗೆದ ಅಂಕಿ ಅಂತ ನೋಡಿ. ಸೈಟೇಷನ್ ಎಣಿಸುವ ತಾಣಗಳು ಬೇರೆ ಬೇರೆ ಇವೆ. ಗೂಗಲ್ ಸ್ಕಾಲರ್ ಥೀಸಿಸ್, ಪ್ರಿಪ್ರಿಂಟ್ (ಜರ್ನಲ್ ಪರಿಶೀಲನೆಗೆ ಮುಂಚೆಯೇ ಹೊರಬಿಟ್ಟ ಲೇಖನ), ಪುಸ್ತಕ ಎಲ್ಲ ಸೇರಿಸಿ ಎಣಿಸುತ್ತದೆ. ಸ್ಕೋಪಸ್, ವೆಬ್ ಆಫ್ ಸೈನ್ಸ್ ತಾವು ಆರಿಸಿಕೊಂಡ ಜರ್ನಲ್‌ಗಳನ್ನೇ ಹೆಚ್ಚಾಗಿ ಎಣಿಸುತ್ತವೆ. ಒಬ್ಬರದೇ ಅಂಕಿ ಸ್ಕಾಲರ್‌ನಲ್ಲಿ ಸಾಮಾನ್ಯವಾಗಿ ಜಾಸ್ತಿ, ಸ್ಕೋಪಸ್‌ನಲ್ಲಿ ಕಡಿಮೆ. ಹೋಲಿಸುವುದಿದ್ದರೆ ಇಬ್ಬರದೂ ಒಂದೇ ಕಡೆಯಿಂದ ತೆಗೆಯಿರಿ.

ಹೆಸರಿನ ಗೊಂದಲ ನಮ್ಮ ಕಡೆ ಇನ್ನೂ ಜಾಸ್ತಿ. ನಮ್ಮಲ್ಲಿ ಅನೇಕರಿಗೆ ಸರ್‌ನೇಮ್ ಇಲ್ಲ, ಊರಿನದೋ ಅಪ್ಪನದೋ ಇನಿಷಿಯಲ್. ಒಂದು ಲೇಖನದಲ್ಲಿ ಇನಿಷಿಯಲ್ ಮುಂದೆ, ಇನ್ನೊಂದರಲ್ಲಿ ಹಿಂದೆ, ಮೂರನೆಯದರಲ್ಲಿ ಅದನ್ನು ಬಿಡಿಸಿ ಬರೆದಿರುತ್ತಾರೆ. ಕಂಪ್ಯೂಟರ್‌ಗೆ ಮೂವರು ಬೇರೆ ಬೇರೆ ಜನ. ಅದೇ ಎಸ್. ಕುಮಾರ್ ಅಂದರೆ ನೂರಾರು ಜನ ಒಬ್ಬರೇ ಆಗಿಬಿಡುತ್ತಾರೆ. ಸ್ಕಾಲರ್ ಪ್ರೊಫೈಲ್‌ಗೆ ಬೇರೆಯವರ ಲೇಖನ ತಾನಾಗಿಯೇ ಬಂದು ಸೇರಿಕೊಳ್ಳುವುದುಂಟು. ಇದಕ್ಕೆಂದೇ 2012ರಿಂದ ಓರ್ಕಿಡ್ ಎಂಬ 16 ಅಂಕಿಯ ಗುರುತಿನ ಸಂಖ್ಯೆ ಇದೆ. ಗೈಡ್‌ಗೆ ಅದು ಇದ್ದರೆ ಅದರಿಂದಲೇ ಹುಡುಕಿ. ಮಗಳೂ ಮೊದಲ ಲೇಖನಕ್ಕೂ ಮುಂಚೆ ಒಂದು ಮಾಡಿಸಿಕೊಳ್ಳಲಿ, ದುಡ್ಡಿಲ್ಲ.

"ವಿಶ್ವದ ಅಗ್ರ ಶೇ 2 ವಿಜ್ಞಾನಿಗಳು" ಎಂಬ ಪಟ್ಟಿಯ ಸುದ್ದಿಯನ್ನೂ ಓದಿರುತ್ತೀರಿ. ಅದು ಸ್ಟ್ಯಾನ್‌ಫರ್ಡ್‌ನ ಜಾನ್ ಅಯೋನಿಡಿಸ್ ಮತ್ತು ಜೊತೆಗಾರರು ಸ್ಕೋಪಸ್ ಮಾಹಿತಿ ಇಟ್ಟುಕೊಂಡು ಮಾಡುವ ಲೆಕ್ಕ, ವಿಶ್ವವಿದ್ಯಾಲಯ ಕೊಡುವ ಪ್ರಶಸ್ತಿ ಅಲ್ಲ. ಇಡೀ ವೃತ್ತಿಯ ಪಟ್ಟಿ ಬೇರೆ, ಒಂದು ವರ್ಷದ ಪಟ್ಟಿ ಬೇರೆ. ತಮ್ಮ ಲೇಖನವನ್ನು ತಾವೇ ಸೈಟ್ ಮಾಡಿದ್ದನ್ನು ತೆಗೆದು ಹಾಕಿದ ಲೆಕ್ಕವೂ ಅದರಲ್ಲಿದೆ, ಅದು ಒಳ್ಳೆಯದು.

ಮಗಳು ಮಾಡಬೇಕಾದ ಕೆಲಸ ಬೇರೆ. ವೈದ್ಯಕೀಯ ಲೇಖನಗಳನ್ನು ಹುಡುಕುವ ಪಬ್‌ಮೆಡ್ ತಾಣ ತೆರೆದು ಇಬ್ಬರ ಕಳೆದ ಐದು ವರ್ಷದ ಲೇಖನಗಳನ್ನು ನೋಡಲಿ, ಅದು ಉಚಿತ. ಲೇಖಕರ ಸಾಲನ್ನು ಗಮನವಿಟ್ಟು ಓದಲಿ. ವೈದ್ಯಕೀಯ ವಿಜ್ಞಾನದಲ್ಲಿ ಮೊದಲ ಹೆಸರು ಸಾಮಾನ್ಯವಾಗಿ ಬೆಂಚಿನ ಮೇಲೆ ಕೆಲಸ ಮಾಡಿದವರದು, ಕೊನೆಯದು ಲ್ಯಾಬ್ ನಡೆಸುವವರದು. ಗೈಡ್ ಹೆಸರು ಕೊನೆಯಲ್ಲಿದ್ದು ಮೊದಲ ಹೆಸರು ಪ್ರತಿ ಸಲ ಒಬ್ಬೊಬ್ಬ ವಿದ್ಯಾರ್ಥಿಯದು ಇದ್ದರೆ, ಆ ಲ್ಯಾಬ್‌ನಲ್ಲಿ ಹುಡುಗರು ಬೆಳೆಯುತ್ತಿದ್ದಾರೆ ಅಂತ ಅರ್ಥ. ನೂರಾರು ಲೇಖಕರ ಜಾಗತಿಕ ಅಧ್ಯಯನಗಳ ನಡುವೆ ಎಲ್ಲೋ ಗೈಡ್ ಹೆಸರಿದ್ದರೆ, ಅಂಕಿ ಅಲ್ಲಿಂದ ಏರಿರಬಹುದು. ಅದರಲ್ಲಿ ತಪ್ಪೇನಿಲ್ಲ, ಆದರೆ ಅದರಿಂದ ನಿಮ್ಮ ಮಗಳಿಗೆ ಕಲಿಯಲು ಏನೂ ಸಿಗುವುದಿಲ್ಲ. ಆಮೇಲೆ ಮೊದಲ ಹೆಸರಿನವರಲ್ಲಿ ಇಬ್ಬರಿಗೆ ಫೋನ್ ಮಾಡಲಿ. ಥೀಸಿಸ್ ಕೊಡಲು ಎಷ್ಟು ವರ್ಷ ಹಿಡಿಯಿತು, ಕೆಮಿಕಲ್‌ಗೆ ದುಡ್ಡು ಎಲ್ಲಿಂದ ಬಂತು, ಫೆಲೋಶಿಪ್ ತಿಂಗಳು ತಿಂಗಳು ಬಂತಾ, ಗೈಡ್ ಡ್ರಾಫ್ಟ್ ಓದಿ ವಾಪಸ್ ಕೊಡುತ್ತಿದ್ದರಾ ಅಂತ ಕೇಳಲಿ.

ಇಷ್ಟಾದ ಮೇಲೆ ಬೆಂಗಳೂರಿನ ಗೈಡ್ ಬಗ್ಗೆ ಒಂದು ಮಾತು ಖಂಡಿತ ವಿಚಾರಿಸಿ: ಸರ್ವಿಸ್ ಇನ್ನೆಷ್ಟು ವರ್ಷ ಇದೆ? ಯುಜಿಸಿಯ 2022ರ ನಿಯಮದ ಪ್ರಕಾರ ನಿವೃತ್ತಿಗೆ ಮೂರು ವರ್ಷಕ್ಕಿಂತ ಕಡಿಮೆ ಇದ್ದರೆ ಹೊಸ ಪಿಎಚ್.ಡಿ. ವಿದ್ಯಾರ್ಥಿ ತೆಗೆದುಕೊಳ್ಳುವ ಹಾಗಿಲ್ಲ. ಪ್ರೊಫೆಸರ್ ಹತ್ತಿರ ಒಂದು ಸಲಕ್ಕೆ ಎಂಟು ಜನ, ಅಸೋಸಿಯೇಟ್ ಹತ್ತಿರ ಆರು, ಅಸಿಸ್ಟೆಂಟ್ ಹತ್ತಿರ ನಾಲ್ಕು ಜನ ಮಾತ್ರ. ಸೀಟು ಖಾಲಿ ಇದೆಯಾ ಅಂತ ಇಬ್ಬರನ್ನೂ ಕೇಳಿಕೊಂಡು, ಆಮೇಲೆ ಅರ್ಜಿ ಹಾಕಿ.